ಆರು ಆಫೀಸಿಗೆ ಒಂದೇ ಫೋನ್ ಸಿಸ್ಟಂ: ದಾವಣಗೆರೆಯಲ್ಲಿ ನಾನು ಮಾಡಿದ್ದು

ಮಂಡಿಪೇಟೆ ಪಕ್ಕದ ನಮ್ಮ ಕಾಂಪ್ಲೆಕ್ಸ್‌ನಲ್ಲಿ ಆರು ಆಫೀಸುಗಳಿವೆ. ಬಿತ್ತನೆ ಬೀಜದ ಡೀಲರ್, ಟ್ರಾನ್ಸ್‌ಪೋರ್ಟ್, ಚೀಟಿ ಕಂಪನಿ, ಜಿಎಸ್‌ಟಿ ಫೈಲ್ ಮಾಡುವವರು, ಬೋರ್‌ವೆಲ್ ಮೋಟರ್ ಡೀಲರ್, ಒಂದು ಇನ್ಶೂರೆನ್ಸ್ ಏಜೆನ್ಸಿ. ಆರಕ್ಕೂ ಒಂದೇ ಸಿಸ್ಟಂ ಹಾಕಿ ವರ್ಷದ ಮೇಲಾಯಿತು, ಚೆನ್ನಾಗಿ ನಡೆಯುತ್ತಿದೆ. 'ಎಲ್ಲರ ಜೇಬಲ್ಲೂ ಮೊಬೈಲ್ ಇದೆ, ಇನ್ನು ಇದ್ಯಾಕ್ರಿ?' ಎಂದು ನಕ್ಕವರೇ ಈಗ ನಮ್ಮ ಬಿಲ್ಡಿಂಗಿಗೂ ಹಾಕಿಕೊಡಿ ಅಂತ ಬರುತ್ತಿದ್ದಾರೆ. ಇದನ್ನು ನಡೆಸುವುದು ಆಸ್ಟೆರಿಸ್ಕ್, ಅಂದರೆ ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಫ್ರೀ ಸಾಫ್ಟ್‌ವೇರ್. ಅದರ ಇನ್‌ಸ್ಟಾಲ್ ವಿಷಯ ಇಲ್ಲಿ ಬಿಡುತ್ತೇನೆ.

ಮೊಬೈಲ್ ಸಾಕಾಗದ ಕಾರಣ ಬೀಜದ ಡೀಲರಿಗೆ ಮೊದಲು ಗೊತ್ತಾಯಿತು. ಕೌಂಟರಿನ ಹುಡುಗ ಕೆಲಸ ಬಿಟ್ಟ. ಹಳ್ಳಿಯ ರೈತರ ಹತ್ತಿರ ಇದ್ದದ್ದೆಲ್ಲ ಅವನ ನಂಬರ್. ಮೆಕ್ಕೆಜೋಳ ಬಿತ್ತುವ ಹೊತ್ತಿಗೆ ಅರ್ಧ ಗಿರಾಕಿಗಳು ಅವನು ಸೇರಿದ ಬೇರೆ ಅಂಗಡಿಗೆ ಹೋದರು. ಆಫೀಸಿನ ನಂಬರ್ ಆಫೀಸಿನಲ್ಲೇ ಉಳಿಯಬೇಕು, ಅಲ್ವಾ?

ಮೊದಲು ಒಂದು ಹಳೇ ಇಪಿಎಬಿಎಕ್ಸ್, ಅಂದರೆ ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್ ಪೆಟ್ಟಿಗೆ, ತಂದಿದ್ದೆವು. ಸೆಕೆಂಡ್ ಹ್ಯಾಂಡ್, ಐದು ಸಾವಿರದ ಆಸುಪಾಸು. ಅದರ ಪ್ರೋಗ್ರಾಮಿಂಗ್ ಪಾಸ್‌ವರ್ಡ್ ಮಾರಿದವನಿಗೂ ಗೊತ್ತಿರಲಿಲ್ಲ. ಯಾವ ಲೈನ್ ಖಾಲಿ ಇದೆಯೋ ಅದರಿಂದ ಕರೆ ಹೊರಗೆ ಹೋಗುತ್ತಿತ್ತು. ಟ್ರಾನ್ಸ್‌ಪೋರ್ಟಿನವರು ಹುಬ್ಬಳ್ಳಿಯ ಡ್ರೈವರಿಗೆ ಚೀಟಿ ಕಂಪನಿ ಲೈನಿನಿಂದ ಮಾಡಿದರು ಅಂತಿಟ್ಟುಕೊಳ್ಳಿ. ಅವನು ವಾಪಸ್ ಮಾಡಿದರೆ ಚೀಟಿ ಕಂಪನಿಯ ಹುಡುಗಿ ಎತ್ತುತ್ತಾಳೆ. 'ಮೇಡಂ, ಲೋಡ್ ಎಲ್ಲಿ ಇಳಿಸಲಿ?' ಒಂದೇ ವಾರಕ್ಕೆ ಜಗಳ ಶುರು.

ಆಮೇಲೆ ಸಿಮ್ ಹಾಕುವ ಗೇಟ್‌ವೇ ನೋಡಿದೆ, ಅಂದರೆ ಲ್ಯಾಂಡ್‌ಲೈನ್ ಬದಲು ಮೊಬೈಲ್ ಸಿಮ್‌ನಿಂದ ಕರೆ ಕಳಿಸುವ ಪೆಟ್ಟಿಗೆ. ನೆಲಮಹಡಿಯಲ್ಲಿ ಸಿಗ್ನಲ್ ಇಲ್ಲ, ಧ್ವನಿ ತುಂಡು ತುಂಡು. ಸಾಲದ್ದಕ್ಕೆ ಇನ್ಶೂರೆನ್ಸಿನವರಿಗೆ ಭಯ. ಇಂಟರ್ನೆಟ್ಟಿನಲ್ಲಿ ಬಂದ ಹೊರದೇಶದ ಕರೆಯನ್ನು ಕದ್ದು ಲೋಕಲ್ ಸಿಮ್‌ಗೆ ಇಳಿಸುವ ಸಿಮ್ ಬಾಕ್ಸ್‌ಗಳನ್ನು ಪೊಲೀಸರು ಹಿಡಿದ ಸುದ್ದಿ ಅವರು ಓದಿದ್ದರು. ನಮ್ಮದು ಆ ಥರದ್ದಲ್ಲ ಎಂದರೂ ಒಪ್ಪಲಿಲ್ಲ. ಅದನ್ನು ಮಾರಿಬಿಟ್ಟೆ, ಮೂರು ಸಾವಿರ ಲುಕ್ಸಾನು.

ಕೊನೆಗೆ ನಿಂತದ್ದು ಇದು: ಹಳೇ ಆಫೀಸ್ ಡೆಸ್ಕ್‌ಟಾಪ್, ಎಂಟು ಪೋರ್ಟಿನ ಎಫ್‌ಎಕ್ಸ್‌ಒ ಕಾರ್ಡ್ (ಲ್ಯಾಂಡ್‌ಲೈನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್), ಪ್ರತಿ ಆಫೀಸಿಗೂ ಅವರದೇ ಹೆಸರಿನ ಲ್ಯಾಂಡ್‌ಲೈನ್. ಯಾರ ಲೈನಿಗೆ ಬಂದದ್ದು ಅವರ ಟೇಬಲ್ಲಿಗೆ. ಯಾರ ಟೇಬಲ್ಲಿನಿಂದ ಹೊರಟದ್ದು ಅವರ ಲೈನಿಗೆ. ಅವರ ಲೈನ್ ಬ್ಯುಸಿ ಇದ್ದರೆ ಬ್ಯುಸಿ ಎಂದೇ ಕೇಳಿಸಬೇಕು, ಪಕ್ಕದವರ ಲೈನ್ ಖಾಲಿ ಇದ್ದರೂ ಮುಟ್ಟುವಂತಿಲ್ಲ. ಆರು ಜನಕ್ಕೆ ಆಸ್ಟೆರಿಸ್ಕ್‌ನಲ್ಲಿ ಆರು ಕಾಂಟೆಕ್ಸ್ಟ್, ಅಂದರೆ ಕರೆಗಳ ಆರು ಬೇರೆ ಬೇರೆ ಕೋಣೆ, ಒಂದರಿಂದ ಒಂದಕ್ಕೆ ದಾರಿಯೇ ಇಲ್ಲ. 'ಶೇರ್ ಮಾಡಿದರೆ ಎಲ್ಲ ಕಲಬೆರಕೆ ಆಗುತ್ತದೆ' ಎಂದವರಿಗೆ ನನ್ನ ಉತ್ತರ ಇಷ್ಟೇ.

ಜಾಸ್ತಿ ಗೋಳಾಡಿಸಿದ್ದು ಕರೆ ಕಟ್ ಆಗದಿರುವುದು. ಆ ಕಡೆಯವರು ಫೋನ್ ಇಟ್ಟರೂ ಕಾರ್ಡಿಗೆ ತಿಳಿಯುತ್ತಿರಲಿಲ್ಲ. ರಾತ್ರಿ ಹಿಡಿದ ಲೈನ್ ಬೆಳಿಗ್ಗೆ ಶಟರ್ ತೆಗೆಯುವವರೆಗೂ ಹಾಗೇ. ನಮ್ಮ ಬ್ಯುಸಿ ಟೋನ್ 400 ಹರ್ಟ್ಸ್. ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಆ ಟೋನ್ ಗುರುತಿಸುವ ಬ್ಯುಸಿಪ್ಯಾಟರ್ನ್ ಸೆಟ್ಟಿಂಗಿಗೆ ಮಿಲಿಸೆಕೆಂಡಿನಲ್ಲಿ 750, 750 ಎಂದು ಕೊಟ್ಟ ಮೇಲೆ ತಾಮ್ರದ ಲೈನ್‌ಗಳು ದಾರಿಗೆ ಬಂದವು. ಎಷ್ಟು ಸಲ ಆ ಟೋನ್ ಕೇಳಿದ ಮೇಲೆ ಕಟ್ ಮಾಡಬೇಕು ಎನ್ನುವ ಬ್ಯುಸಿಕೌಂಟ್ ಮೂರಕ್ಕೆ ಇಟ್ಟರೆ ಬೀಜದ ಯಜಮಾನರ ಮಾತು ಮಧ್ಯದಲ್ಲೇ ಕಟ್. ಅವರು ಮಾತಾಡುವುದೇ ತಾಳ ಹಾಕಿದ ಹಾಗೆ. ಆರಕ್ಕೆ ಏರಿಸಿದೆ. ಒಂಬತ್ತು ಸೆಕೆಂಡ್ ತಡವಾಗಿ ಬಿಟ್ಟುಕೊಳ್ಳುತ್ತದೆ, ಪರವಾಗಿಲ್ಲ. ಫೈಬರ್‌ಗೆ ಬದಲಾದ ಎರಡು ಲೈನಿನಲ್ಲಿ ಟೋನ್ ಬೇರೆಯೇ ಇತ್ತು. ರೆಕಾರ್ಡ್ ಮಾಡಿ ಅಲೆ ಅಳೆದು ಹಾಕಿದೆ. ಆ ಅಂಕಿ ಮತ್ತು ಗೇನ್ (ದನಿಯ ಮಟ್ಟ) ಎಷ್ಟು ಇಟ್ಟೆ ಎನ್ನುವುದು ನನ್ನ ಹತ್ತಿರವೇ ಇರಲಿ. ಎರಡು ಭಾನುವಾರ ಹೋಗಿದೆ ಅದಕ್ಕೆ.

ಕರೆ ಮಾಡಿದವರ ನಂಬರ್ ಕಾಣಲು, ಅಂದರೆ ಕಾಲರ್ ಐಡಿಗೆ, ಡಿಟಿಎಂಎಫ್ (ಫೋನಿನ ಗುಂಡಿ ಒತ್ತಿದಾಗ ಬರುವ ಟೋನ್) ಆರಿಸಿ, ಆ ನಂಬರ್ ಶುರುವಾಗುವ ಗುರುತು ಹೇಳುವ ಸಿಐಡಿಸ್ಟಾರ್ಟ್ ಸೆಟ್ಟಿಂಗಿಗೆ 'ಪೊಲಾರಿಟಿ ಇನ್' ಕೊಡಿ. ಅದು ಇಂಡಿಯಾದ ಲೈನ್‌ಗಳಿಗಾಗಿಯೇ ಇಟ್ಟಿರುವ ಆಯ್ಕೆ.

ಇನ್ನೊಂದು ತಲೆನೋವು ಸೊನ್ನೆಯದು. ಹೊರಗೆ ಮಾಡಲು 0 ಒತ್ತುವುದು ಎಲ್ಲರಿಗೂ ಅಭ್ಯಾಸ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಲೂ ಮುಂದೆ 0 ಹಾಕಬೇಕು. ಜನ ಒಂದು ಸೊನ್ನೆ ಒತ್ತುತ್ತಿದ್ದರು, ಸಿಸ್ಟಂ ಅದನ್ನು ನುಂಗುತ್ತಿತ್ತು, ಕರೆ ಹೋಗುತ್ತಿರಲಿಲ್ಲ. ಹೊರಗಿನ ಸೊನ್ನೆಯನ್ನೇ ತೆಗೆದುಹಾಕಿದೆ. ಹತ್ತು ಅಂಕಿ ಇದ್ದು, 6ರಿಂದ 9ರೊಳಗೆ ಶುರುವಾದರೆ ಸಿಸ್ಟಮ್ಮೇ 0 ಸೇರಿಸುತ್ತದೆ. ಯಾರಿಗೂ ಪಾಠ ಹೇಳಬೇಕಾಗಿಲ್ಲ.

ನಡುವೆ ಸುಮ್ನೆ ಕೆಲವು ಆಟ ಆಡಿದೆ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮೇಲೆ ಆಸ್ಟೆರಿಸ್ಕ್ ಓಡಿಸಿದೆ, ಓಡಿತು. ಬೇಸಿಗೆಯ ಕರೆಂಟ್ ಕಣ್ಣಾಮುಚ್ಚಾಲೆಗೆ ಮೆಮೊರಿ ಕಾರ್ಡ್ ಸತ್ತಿತು. ಅಕ್ಕನ ಮಗಳ ದನಿಯಲ್ಲಿ 'ಬೀಜಕ್ಕಾಗಿ ಒಂದು ಒತ್ತಿ' ಎಂದು ರೆಕಾರ್ಡ್ ಮಾಡಿಸಿದೆ. ಬಹಳ ಚೆನ್ನಾಗಿ ಓದಿದ್ದಳು. ರೈತರು ರೆಕಾರ್ಡಿಂಗ್ ದನಿ ಕೇಳಿದ ತಕ್ಷಣ ಸಾಲ ಕೊಡುವ ಕಂಪನಿ ಎಂದು ಫೋನ್ ಇಡುತ್ತಿದ್ದರು! ತೆಗೆದು ನೇರ ರಿಂಗ್ ಮಾಡಿದೆ. ಗಿರಾಕಿಗೆ ಮನುಷ್ಯರ 'ಹಲೋ' ಬೇಕು.

ಕರೆಂಟಿನ ವಿಷಯ ಇನ್ನೊಂದಿದೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ, ಫೈಬರ್ ಪೆಟ್ಟಿಗೆಗೆ ನಮ್ಮ ಕರೆಂಟೇ ಬೇಕು. ಹಾಗಾಗಿ ಕಂಪ್ಯೂಟರ್, ಸ್ವಿಚ್, ಫೈಬರ್ ಪೆಟ್ಟಿಗೆ ಮೂರೂ ಒಂದೇ ಯುಪಿಎಸ್ ಮೇಲಿವೆ. ಮೂರು ತಾಸು ಆರಾಮ.

ದುಡ್ಡಿನ ಲೆಕ್ಕ ನೆನಪಿನಿಂದ: ಕಂಪ್ಯೂಟರ್ ಎಂಟೊಂಬತ್ತು ಸಾವಿರ, ಕಾರ್ಡ್ ಹದಿನೆಂಟು, ಹಳೇ ಐಪಿ ಫೋನ್‌ಗಳು ಎಲ್ಲ ಸೇರಿ ಇಪ್ಪತ್ತೈದು, ನೆಟ್‌ವರ್ಕ್ ವೈರಿನಲ್ಲೇ ಫೋನಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ ಒಂಬತ್ತು, ಯುಪಿಎಸ್ ಹನ್ನೊಂದು. ವೈರು ಗೀರು ಎಲ್ಲ ಹಿಡಿದರೆ ಎಪ್ಪತ್ತೈದರ ಹತ್ತಿರ. ಆಫೀಸಿಗೆ ಹನ್ನೆರಡೂವರೆ. ಸಮ ಪಾಲು ಎಂದಾಗ ಒಂದೇ ಫೋನಿರುವ ಇನ್ಶೂರೆನ್ಸಿನವರು ಎದ್ದು ನಿಂತರು. ಅರ್ಧ ಸಮ, ಅರ್ಧ ಫೋನಿನ ಲೆಕ್ಕ ಎಂದ ಮೇಲೆ ತಣ್ಣಗಾದರು. ನನ್ನ ಕೂಲಿಗೆ ಬಂದಾಗ ಮಾತ್ರ ಎಲ್ಲರದೂ ಒಂದೇ ರಾಗ: 'ಸಾಫ್ಟ್‌ವೇರ್ ಫ್ರೀ ಅಂತೆ, ನಿಮಗ್ಯಾಕೆ ಅಷ್ಟು?' ಫ್ರೀ ಆದದ್ದು ಸಾಫ್ಟ್‌ವೇರ್, ನಾನಲ್ಲ ಎಂದೆ. ಕೊಟ್ಟರು, ಮೂರು ಕಂತಿನಲ್ಲಿ.

ಇನ್ನೂ ಎರಡು ಪೋರ್ಟ್ ಖಾಲಿ ಇವೆ. ಮೇಲಿನ ಮಹಡಿಯ ವಕೀಲರು ಒಂದು ಕೇಳಿದ್ದಾರೆ. ಈ ಸಲ ಮುಂಗಡ ಬಂದ ಮೇಲೇ ವೈರ್ ಎಳೆಯುವುದು.