ಅಮ್ಮನ ಮಂಡಿ ಆರಿಸಿದ ಕಾರು

ನಮ್ಮ ಹಳೆಯ ಕಾರಿನ ಎಡಗಡೆ ಸೀಟಿನ ಮೇಲೆ ಒಂದು ಬೂರುಗದ ಹತ್ತಿಯ ದಿಂಬು ಇರುತ್ತಿತ್ತು, ಅಮ್ಮನಿಗೆಂದು. ಹನ್ನೊಂದು ವರ್ಷ ಓಡಿದ ಆ ಪುಟ್ಟ ಹ್ಯಾಚ್‌ಬ್ಯಾಕ್‌ನ ಸೀಟು ನೆಲದಿಂದ ಹತ್ತೊಂಬತ್ತು ಇಂಚು ಎತ್ತರದಲ್ಲಿತ್ತು. ಎರಡೂ ಮಂಡಿ ಸವೆದ ಎಪ್ಪತ್ತೆರಡರ ಹೆಂಗಸಿಗೆ ಅದು ಬಾವಿಗೆ ಇಳಿದ ಹಾಗೆ. "ಇದರಲ್ಲಿ ಕೂರುವುದಲ್ಲ ಮಾರಾಯ, ಬೀಳುವುದು" ಎಂದು ಪ್ರತಿ ಸಲವೂ ಹೇಳಿಯೇ ಕೂರುತ್ತಿದ್ದಳು. ಇಳಿಯುವಾಗ ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಮಣಿಪಾಲದಲ್ಲಿ ಮಂಡಿ ತೋರಿಸಿ ಬಂದ ದಿನ ಹಾಗೆಯೇ ಇಳಿಯಲು ಹೋಗಿ ಮತ್ತೆ ಸೀಟಿಗೆ ಕುಸಿದಳು. ಆವತ್ತೇ ಕಾರು ಬದಲಿಸುವುದು ಎಂದು ನಿಶ್ಚಯವಾಯಿತು.

ನಾನು ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಊರು ತೀರ್ಥಹಳ್ಳಿಯ ಹತ್ತಿರ. ಶಾಲೆಗೆ ದಿನಕ್ಕೆ ಹೋಗಿ ಬರುವುದು ಹತ್ತು ಕಿಲೋಮೀಟರು, ತಿಂಗಳಿಗೊಮ್ಮೆ ಊರಿಗೆ ಸುಮಾರು ಮುನ್ನೂರು ಕಿಲೋಮೀಟರು. ಊರಿನ ಮನೆಯ ಮುಂಚಿನ ಕೊನೆಯ ಇನ್ನೂರು ಮಾರು ಜಂಬಿಟ್ಟಿಗೆ ಮಣ್ಣಿನ ದಾರಿ. ಚಕ್ರ ಹೋಗುವ ಎರಡು ಗಾಡಿಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಹಳೆಯ ಕಾರು ಆ ದಿಬ್ಬಕ್ಕೆ ಅಡಿ ಉಜ್ಜಿಕೊಂಡು ಬರುವ ಸದ್ದು ಕೇಳಿಯೇ ನಮ್ಮ ಚಿಕ್ಕಮ್ಮ ಕಾಫಿಗೆ ನೀರಿಡುತ್ತಿದ್ದಳು.

ಸೀಟೂ ತಳವೂ ಎತ್ತರ ಇರಬೇಕೆಂದರೆ ಎಲ್ಲರೂ ಬೆರಳು ತೋರಿಸುವುದು "ಕಾಂಪ್ಯಾಕ್ಟ್ ಎಸ್‌ಯುವಿ" ಎನ್ನುವ, ಎತ್ತರದ ಮೈಯ ಸಣ್ಣ ಗಾಡಿಗೆ. ಅದರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅಸಡ್ಡೆ. ಇದರ ಮೈಕಟ್ಟನ್ನು ತೀರ್ಮಾನಿಸಿದ್ದು ಕಾಡುಮೇಡಲ್ಲ, ತೆರಿಗೆ. 2006ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿದಾಗ ಒಂದು ಅಳತೆ ಇಟ್ಟರು: ಉದ್ದ 4 ಮೀಟರಿನ ಒಳಗೆ, ಎಂಜಿನ್ ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರಬಾರದು. ಆಮೇಲೆ ಕಂಪನಿಗಳು ಆ ಅಳತೆಯೊಳಗೆ ಏನೇನು ತುರುಕಬಹುದೋ ಎಲ್ಲವನ್ನೂ ತುರುಕಿದವು. ಹಾಗಾಗಿ ಇದು ಹಿಮ್ಮಡಿ ಎತ್ತಿ ನಿಂತ ಹ್ಯಾಚ್‌ಬ್ಯಾಕ್. ಬಹುತೇಕ ಯಾವುದರಲ್ಲೂ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ವ್ಯವಸ್ಥೆ ಇಲ್ಲ, ಎಳೆಯುವುದು ಮುಂದಿನ ಎರಡೇ. ಆದರೂ ನನಗೆ ಬೇಕಿದ್ದದ್ದೂ ಆ ಎತ್ತಿದ ಹಿಮ್ಮಡಿಯೇ. ಅಸಡ್ಡೆಯನ್ನು ಬದಿಗಿಟ್ಟೆ.

2024ರ ದೀಪಾವಳಿ ಕಳೆದ ಮೇಲೆ ಹುಡುಕಲು ಶುರುಮಾಡಿದೆ. ನೆಕ್ಸಾನ್, ಬ್ರೆಜಾ, ವೆನ್ಯೂ, ಸಾನೆಟ್, 3ಎಕ್ಸ್‌ಒ, ಆಗತಾನೆ ಬಂದಿದ್ದ ಕೈಲಾಕ್ ಎಲ್ಲವನ್ನೂ ನೋಡಿದೆ. ಕೊನೆಗೆ ಕೊಂಡದ್ದು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ಕಾರು ಇರುವವರು ಹೊಗಳುತ್ತಾರೆ, ಬೇರೆಯದು ಇರುವವರು ಬಯ್ಯುತ್ತಾರೆ, ಮಿಕ್ಕದ್ದನ್ನು ಯಾರೂ ಓದುವುದಿಲ್ಲ.

ಎಲ್ಲ ಶೋರೂಮಿಗೂ ಕಿಸೆಯಲ್ಲಿ ಅಳತೆ ಟೇಪು, ಪಕ್ಕದಲ್ಲಿ ಅಮ್ಮ. ಮೊದಲ ಶೋರೂಮಿನ ಹುಡುಗ ಹತ್ತು ಇಂಚಿನ ಪರದೆ, ತಂಪು ಗಾಳಿ ಬರುವ ಸೀಟು, ಮಾತಾಡಿದರೆ ತೆರೆದುಕೊಳ್ಳುವ ಸನ್‌ರೂಫ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ನಾನು ನೆಲಕ್ಕೆ ಮಂಡಿಯೂರಿ ಸೀಟಿನ ಎತ್ತರ ಅಳೆಯುವುದನ್ನು ಕಂಡು ಅವನ ಮಾತು ನಿಂತಿತು. ಇಪ್ಪತ್ತೈದು ಇಂಚು. ಅಮ್ಮನ ಎತ್ತರ ನಾಲ್ಕು ಅಡಿ ಹತ್ತು. ಆಕೆ ಬೆನ್ನು ತಿರುಗಿಸಿ ನಿಂತರೆ ಸೀಟಿನ ಅಂಚು ಸರಿಯಾಗಿ ಸೊಂಟದ ಕೆಳಕ್ಕೆ ಬರುತ್ತದೆ. ಬಗ್ಗುವುದಿಲ್ಲ, ಹತ್ತುವುದಿಲ್ಲ, ಹಿಂದಕ್ಕೆ ಜಾರಿದರೆ ಕೂತಾಯಿತು. ಪಕ್ಕದ ಮನೆಯವರ ದೊಡ್ಡ ಗಾಡಿಯ ಸೀಟು ಮೂವತ್ತೊಂದು ಇಂಚು. ಅದಕ್ಕೆ ಏಣಿ ಬೇಕು. ಎತ್ತರ ಇದ್ದಷ್ಟೂ ಒಳ್ಳೆಯದು ಎಂದು ನಾನೂ ಅಂದುಕೊಂಡಿದ್ದೆ. ಟೇಪು ಹಿಡಿದ ಮೇಲೆ ಆ ಭ್ರಮೆ ಹೋಯಿತು.

ಇನ್ನೊಂದು ವಿಷಯ ಅಮ್ಮನೇ ಕಂಡುಹಿಡಿದದ್ದು: ಹೊಸ್ತಿಲು. ಬಾಗಿಲು ತೆರೆದಾಗ ಕೆಳಗೆ ಕಾಣುವ ಆ ಅಂಚು ಕೆಲವು ಕಾರುಗಳಲ್ಲಿ ಗೇಣಗಲ ಇರುತ್ತದೆ. ಅದನ್ನು ದಾಟಿಸಿ ಕಾಲು ಒಳಗೆ ತರಬೇಕಾದರೆ ಮಂಡಿ ಮಡಿಸಲೇಬೇಕು. ಸೀಟು ಸರಿಯಿದ್ದ ಎರಡು ಕಾರುಗಳು ಈ ಹೊಸ್ತಿಲಿಗೆ ಎಡವಿ ಪಟ್ಟಿಯಿಂದ ಹೊರಗೆ ಬಿದ್ದವು. ಯಾವ ಕಂಪನಿಯ ಹೊಳೆಯುವ ಕರಪತ್ರದಲ್ಲೂ ಹೊಸ್ತಿಲಿನ ಅಗಲ ಇರುವುದಿಲ್ಲ.

ಪೆಟ್ರೋಲೋ ಡೀಸೆಲೋ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಬೇಗ ಬಗೆಹರಿಯಿತು. ಘಾಟಿಗೆ ಡೀಸೆಲ್‌ನ ಎಳೆತವೇ ಚೆಂದ, ಒಪ್ಪುತ್ತೇನೆ. ಆದರೆ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ 2020ರ ಬಿಎಸ್6 ನಿಯಮದ ನಂತರ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿದಿಡುವ ಒಂದು ಜಾಲರಿ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಇಪ್ಪತ್ತು, ಮೂವತ್ತು ನಿಮಿಷ ಬಿಸಿಯಾಗಿ ಓಡಬೇಕು. ದಿನಕ್ಕೆರಡು ಸಲ ಐದೈದು ಕಿಲೋಮೀಟರು ತೆವಳುವ ನನ್ನಂಥವನ ಕೈಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಪರಿಚಯದ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ಮುಗಿಸಿದರು: "ಮೇಷ್ಟ್ರೇ, ತರಕಾರಿ ತರುವುದಕ್ಕೆ ಡೀಸೆಲ್ ಬೇಡ."

ಆಟೊಮ್ಯಾಟಿಕ್, ಅಂದರೆ ಕ್ಲಚ್ ತುಳಿಯದೆ ತಾನೇ ಗೇರು ಬದಲಿಸುವ ಕಾರಿನ ಆಸೆ ಮಾತ್ರ ಕೊನೆಯವರೆಗೂ ಇತ್ತು. ಅದನ್ನು ಕೊಂದದ್ದು ಹತ್ತು ಲಕ್ಷದ ಗೆರೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ನೋಂದಣಿಯ ವೇಳೆ ಒಮ್ಮೆಗೇ ಕಟ್ಟುವ ಆಜೀವ ತೆರಿಗೆ ಶೇ 14, ಹತ್ತು ದಾಟಿದರೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ನನಗೆ ಹಿಡಿಸಿದ ಮ್ಯಾನ್ಯುಯಲ್ ಮಾದರಿಯ ಎಕ್ಸ್‌ಶೋರೂಮ್ ಬೆಲೆ (ಈ ತೆರಿಗೆ, ವಿಮೆ ಸೇರದ ಬೆಲೆ) 9.90 ಲಕ್ಷ, ತೆರಿಗೆ ಸೆಸ್ ಸೇರಿ ಒಂದು ಲಕ್ಷ ಐವತ್ತನಾಲ್ಕು ಸಾವಿರದ ಆಸುಪಾಸು. ಅದೇ ಕಾರಿನ ಆಟೊಮ್ಯಾಟಿಕ್ 10.60 ಲಕ್ಷ, ತೆರಿಗೆ ಸರಿಯಾಗಿ ಎರಡು ಲಕ್ಷ. ಬೆಲೆಯಲ್ಲಿ ಎಪ್ಪತ್ತು ಸಾವಿರದ ಅಂತರ ರಸ್ತೆಗಿಳಿಯುವಾಗ ಒಂದು ಲಕ್ಷ ಹದಿನಾರು ಸಾವಿರವಾಗುತ್ತದೆ. ಹತ್ತು ಲಕ್ಷ ಮೀರಿದರೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಬೇರೆ ಹಿಡಿಯುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಕೊಡುವ ದಿನ ಕೈಯಿಂದಲೇ ಕೊಡಬೇಕು. ಎಡಗಾಲಿಗೆ ಇನ್ನೂ ಶಕ್ತಿ ಇದೆ ಎಂದು ಸಮಾಧಾನ ಹೇಳಿಕೊಂಡೆ.

ಸುರಕ್ಷತೆಯ ಲೆಕ್ಕವನ್ನು ಮಗನಿಗೆ ಬಿಟ್ಟೆ. 2018ರಲ್ಲಿ ನೆಕ್ಸಾನ್‌ಗೆ, ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಸಿಕ್ಕ ಮೇಲೆ ಈ ದರ್ಜೆಯಲ್ಲಿ ಎಲ್ಲರೂ ನಕ್ಷತ್ರದ ಮಾತಾಡತೊಡಗಿದರು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ. ಅದರ ಪಟ್ಟಿ ತೆಗೆದು ಒಂಬತ್ತನೆಯ ತರಗತಿಯ ಈ ಹುಡುಗ ದೊಡ್ಡವರ 32 ಅಂಕ, ಮಕ್ಕಳ 49 ಅಂಕಗಳಲ್ಲಿ ಯಾವ ಕಾರಿಗೆ ಎಷ್ಟು ಎಂದು ಗೋಡೆಗೆ ಅಂಟಿಸಿದ. ಗಣಿತದಲ್ಲಿ ಇಷ್ಟು ಶ್ರದ್ಧೆ ಎಂದೂ ಕಂಡಿರಲಿಲ್ಲ. ಪ್ರತಿಫಲವಾಗಿ ಅವನು ಕೇಳಿದ್ದು ಸನ್‌ರೂಫ್. ಅದರ ಕತೆ ಆಮೇಲೆ.

ಪರೀಕ್ಷಾ ಓಟಕ್ಕೆ ಎಲ್ಲರೂ ರಿಂಗ್ ರಸ್ತೆಗೇ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಎತ್ತಿನ ಗಾಡಿಯೂ ಕುಲುಕದೆ ಹೋಗುತ್ತದೆ. ಇಷ್ಟವಾದ ಎರಡು ಕಾರುಗಳನ್ನು ಹಟ ಹಿಡಿದು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದೆ: ಒಳಗೆ ಐದು ಜನ, ಎ.ಸಿ. ಚಾಲೂ, ಎರಡನೆಯ ಗೇರು. ಮೂರು ಸಿಲಿಂಡರಿನ ಟರ್ಬೊ ಎಂಜಿನ್‌ನ ಗುಣ ಅಲ್ಲಿ ತಿಳಿಯಿತು. ನಿಮಿಷಕ್ಕೆ ಸಾವಿರದ ಐನೂರು ಸುತ್ತು ಬರುವವರೆಗೆ ನಿದ್ದೆಗಣ್ಣು, ಆಮೇಲೆ ಎಚ್ಚೆತ್ತು ನುಗ್ಗುತ್ತದೆ. ತಿರುವಿನ ಮೊದಲೇ ಗೇರು ಇಳಿಸುವ ಅಭ್ಯಾಸ ಇರುವವನಿಗೆ ತೊಂದರೆ ಇಲ್ಲ.

2025ರ ಫೆಬ್ರವರಿಯಲ್ಲಿ ಹಣ ಕಟ್ಟಿದೆ. ಹಿಂದಿನ ವರ್ಷ ತಯಾರಾದ ಕಾರು ಒಂದಿದೆ, ಡಿಸೆಂಬರ್‌ನದು, ನಲವತ್ತು ಸಾವಿರ ಕಡಿಮೆ ಮಾಡುತ್ತೇವೆ ಎಂದರು. ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಒಂದು ತಿಂಗಳು ಏನು ಮಹಾ, ಒಪ್ಪಿದೆ. ಆದರೆ ನೋಂದಣಿಗೆ ಮೊದಲೇ ಗಾಡಿ ನೋಡಬೇಕು ಎಂದು ಷರತ್ತು ಹಾಕಿದೆ. ನೋಂದಣಿ ಆದ ಮೇಲೆ ಅದು ನಿಮ್ಮ ಹೆಸರಿನ ಗಾಡಿ, ಏನು ಕಂಡರೂ ಕಂಡಂತೆಯೇ. ಊರಾಚೆಯ ಅಂಗಳದಲ್ಲಿ ಧೂಳು ಹೊದ್ದು ನಿಂತಿತ್ತು. ಟೈರಿನ ಪಕ್ಕೆಯಲ್ಲಿ ಸಣ್ಣ ಅಂಡಾಕಾರದೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ: ಮೊದಲೆರಡು ವಾರ, ಉಳಿದೆರಡು ವರ್ಷ. ಬೆರಳಲ್ಲಿ ಧೂಳು ಒರೆಸಿ ನೋಡಿದರೆ 2624. ನಾಲ್ಕೂ ಟೈರು, ಸ್ಟೆಪ್ನಿ ಕೂಡ ಜೂನ್ ಕೊನೆಯ ಆಸುಪಾಸಿನವು. ಡಿಸೆಂಬರ್ ಕಾರಿಗೆ ಜೂನ್ ಟೈರು ಹೇಗೆ? ಬಾಗಿಲ ಕಂಬದ ಫಲಕದಲ್ಲಿ ತಯಾರಿಕೆಯ ತಿಂಗಳು ನೋಡಿದೆ. ಜುಲೈ. ಏಳು ತಿಂಗಳು ಬಿಸಿಲಲ್ಲಿ ನಿಂತ ಗಾಡಿ. "ಸಿಸ್ಟಮ್‌ನಲ್ಲಿ ತಪ್ಪು ತೋರಿಸಿದೆ ಸರ್" ಎಂದ ಹುಡುಗ ನನ್ನ ಮುಖ ನೋಡಲಿಲ್ಲ. ಅವನ ಮೇಲೆ ಸಿಟ್ಟು ಬರಲಿಲ್ಲ, ಅವನಿಗೆ ಹಾಗೆ ಹೇಳಲು ಕಲಿಸಿದವರ ಮೇಲೆ ಬಂತು. ಹನ್ನೆರಡು ದಿನ ಕಾದು ಜನವರಿಯ ಗಾಡಿ ತೆಗೆದುಕೊಂಡೆ. ನಲವತ್ತು ಸಾವಿರ ಹೋಯಿತು.

ಅದರಲ್ಲಿ ಒಂದು ಭಾಗ ವಿಮೆಯಲ್ಲಿ ವಾಪಸ್ ಬಂತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಸ್ವಂತ ಹಾನಿಯ ವಿಮೆ ಒಂದು ವರ್ಷಕ್ಕೆ ಸಾಕು, ಎಲ್ಲಿ ಮಾಡಿಸಿದರೂ ಆದೀತು. ಶೋರೂಮಿನ ಚೀಟಿಯಲ್ಲಿ ನಲವತ್ತೇಳು ಸಾವಿರ ಇತ್ತು. ಅದೇ ವಿವರಗಳಿಗೆ, ಝೀರೊ ಡೆಪ್ರಿಸಿಯೇಶನ್ (ಬಿಡಿಭಾಗ ಹಳತಾಯಿತೆಂದು ಪರಿಹಾರ ಕಡಿತ ಮಾಡದ ಸೌಲಭ್ಯ) ಕೂಡ ಸೇರಿಸಿ, ಹೊರಗೆ ಮೂವತ್ತನಾಲ್ಕಕ್ಕೆ ಸಿಕ್ಕಿತು. ಆ ಚೀಟಿ ತೋರಿಸಿದ ಕೂಡಲೇ ಶೋರೂಮೂ ಮೂವತ್ತೈದಕ್ಕೆ ಇಳಿಯಿತು. "ಹ್ಯಾಂಡ್ಲಿಂಗ್ ಶುಲ್ಕ" ಎಂಬ ಸಾಲನ್ನು, ಏನು ಹ್ಯಾಂಡಲ್ ಮಾಡಿದಿರಿ ಎಂದು ಕೇಳಿದ್ದಕ್ಕೆ ಅವರೇ ಹೊಡೆದುಹಾಕಿದರು. ಬಣ್ಣಕ್ಕೆ ಲೇಪ, ತಳಕ್ಕೆ ಲೇಪ ಎಂಬುದನ್ನೆಲ್ಲ ಬೇಡವೆಂದೆ. ರಬ್ಬರಿನ ಮ್ಯಾಟ್ ಮಾತ್ರ ತೆಗೆದುಕೊಂಡೆ. ಮಲೆನಾಡಿನ ಕೆಸರಿಗೆ ಬಟ್ಟೆಯ ಮ್ಯಾಟ್ ಒಂದು ಮಳೆಗಾಲವೂ ಬಾಳುವುದಿಲ್ಲ.

ಆ ವರ್ಷವೇ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಸೆಸ್ ಕೂಡ ಹೋಯಿತು. ಪೇಪರ್ ಓದಿ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಮ್ಮ ಕೇಳಿದಳು, "ಏನಂತೆ?" ಹೇಳಿದೆ. "ಏಳು ತಿಂಗಳು ನಾನು ಹಳೆಯದರಲ್ಲೇ ಬಿದ್ದು ಎದ್ದಿದ್ದರೆ ಲಕ್ಷ ಉಳಿಯುತ್ತಿತ್ತು ಅನ್ನು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಒಂದು ವರ್ಷ ದಾಟಿದೆ, 17,400 ಕಿಲೋಮೀಟರು ಆಗಿದೆ. ಟ್ಯಾಂಕಿನ ಬಾಯಿವರೆಗೆ ತುಂಬಿಸಿ, ಓಡಿಸಿ, ಮತ್ತೆ ಅಷ್ಟೇ ತುಂಬಿಸಿ ತೆಗೆದ ಲೆಕ್ಕ ಡೈರಿಯಲ್ಲಿದೆ: ಮೈಸೂರಿನೊಳಗೆ ಲೀಟರಿಗೆ 11, ಊರಿನ ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋದರೆ 18, ಬೆಂಗಳೂರಿನ ಹೆದ್ದಾರಿಯಲ್ಲಿ ನೂರರ ಮಿತಿಗೆ ತಾಗಿಸಿಕೊಂಡು ಹೋದರೆ 15. ಎತ್ತರದ ಗಾಡಿ ಗಾಳಿಯನ್ನು ಎದೆಯಿಂದ ತಳ್ಳುತ್ತದೆ, ಆ ದುಡ್ಡು ಪೆಟ್ರೋಲ್ ಬಂಕಿನಲ್ಲಿ ಕಾಣುತ್ತದೆ. ಕಾರಿನ ಪರದೆ ಇವೆಲ್ಲಕ್ಕೂ ಒಂದೊಂದು ಕಿಲೋಮೀಟರು ಹೆಚ್ಚೇ ತೋರಿಸುತ್ತದೆ. ಡೈರಿಯನ್ನೇ ನಂಬುತ್ತೇನೆ.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ತಳಕ್ಕೂ ಇರುವ ಅಂತರ, ಅದರಲ್ಲೂ ಒಂದು ಪಾಠ ಆಯಿತು. ಪುಸ್ತಕದಲ್ಲಿರುವುದು ಖಾಲಿ ಗಾಡಿಯ ಅಂಕಿ. ಊರಿನಿಂದ ಹೊರಡುವಾಗ ಐದು ಜನ, ಅಕ್ಕಿ ಮೂಟೆ, ಎರಡು ಬಾಳೆಗೊನೆ, ಹಲಸಿನಕಾಯಿ. ಚಕ್ರದ ಮೇಲಿನ ಕಮಾನಿನಿಂದ ನೆಲಕ್ಕೆ ಟೇಪು ಹಿಡಿದರೆ ಹಿಂಬದಿ ನಾಲ್ಕು ಸೆಂಟಿಮೀಟರು ಕುಗ್ಗಿತ್ತು. ಆದರೂ ದಿಬ್ಬ ತಾಗಲಿಲ್ಲ. ಚಿಕ್ಕಮ್ಮನಿಗೆ ಈಗ ನಾವು ಬಂದದ್ದು ಗೊತ್ತಾಗುವುದಿಲ್ಲ, ಹಾರ್ನ್ ಹೊಡೆಯಬೇಕು.

ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಜುಲೈನ ಮಂಜಿನಲ್ಲಿ ಹತ್ತಿದ್ದೇನೆ. ಎದುರಿನ ಬಸ್ಸಿಗೆ ದಾರಿಬಿಟ್ಟು ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಗಾಡಿ ಹಿಂದಕ್ಕೆ ಜಾರದಂತೆ ಕ್ಷಣಕಾಲ ತಾನೇ ಬ್ರೇಕು ಹಿಡಿದುಕೊಳ್ಳುತ್ತದಲ್ಲ, ಆ ಹಿಲ್ ಹೋಲ್ಡ್ ಒಂದಕ್ಕೇ ನೂರು ನಮಸ್ಕಾರ. ಸನ್‌ರೂಫ್‌ಗೆ ಅಷ್ಟು ಗೌರವ ಇಲ್ಲ. ಹಲಸಿನ ಮರದಡಿ ನಿಲ್ಲಿಸುವ ಕಾರು, ಅದರ ಅಂಚಿನ ನೀರು ಹೋಗುವ ಕಿಂಡಿಯಲ್ಲಿ ಎಲೆ ಪುಡಿ ಕೂತು, ಆಗಸ್ಟ್‌ನ ಒಂದು ಬೆಳಿಗ್ಗೆ ಓದುವ ದೀಪದ ಪಕ್ಕದಿಂದ ಹನಿ ಬೀಳುತ್ತಿತ್ತು. ಈಗ ತಿಂಗಳಿಗೊಮ್ಮೆ ಅದನ್ನು ಗುಡಿಸುವುದು ಮಗನ ಕೆಲಸ.

ಅದಕ್ಕಿಂತ ದೊಡ್ಡ ಶತ್ರು ಇಲಿ. ಊರಿನ ಕೊಟ್ಟಿಗೆಯಲ್ಲಿ, ಅಡಿಕೆ ಮೂಟೆಗಳ ಪಕ್ಕ ಎರಡು ರಾತ್ರಿ ನಿಲ್ಲಿಸಿದ್ದೆ. ಮೂರನೆಯ ಬೆಳಿಗ್ಗೆ ಎಂಜಿನ್‌ನ ಹಳದಿ ದೀಪ ಹತ್ತಿತು, ಗಾಡಿ ಕೆಮ್ಮತೊಡಗಿತು. ಬಾನೆಟ್ ಎತ್ತಿದರೆ ಎಂಜಿನ್‌ನ ಬೆಚ್ಚನೆಯ ಮೂಲೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ನಾರು, ನಮ್ಮದೇ ಸೀಟಿನ ಕೆಳಗಿಂದ ಎಳೆದ ಹತ್ತಿ, ಅಚ್ಚುಕಟ್ಟಾದ ಸಂಸಾರ. ಒಂದು ಸೆನ್ಸರಿನ ತಂತಿ ಹಲ್ಲಿಗೆ ಸಿಕ್ಕಿ ತುಂಡಾಗಿತ್ತು. ಇಲಿ ಕಡಿದದ್ದು ವಾರಂಟಿಗೆ ಬರುವುದಿಲ್ಲ, ಎರಡು ಸಾವಿರದ ಎಂಟುನೂರು ಕೊಟ್ಟೆ. ಅಂದಿನಿಂದ ಊರಿನಲ್ಲಿ ರಾತ್ರಿ ಬಾನೆಟ್ ತೆರೆದೇ ಇಡುತ್ತೇನೆ. ತೆರೆದ ಜಾಗಕ್ಕೆ ಇಲಿ ಬರುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಚಿಕ್ಕಮ್ಮನ ಸಲಹೆಯಂತೆ ಹೊಗೆಸೊಪ್ಪಿನ ಎರಡು ಗಂಟನ್ನು ಬಿಸಿ ತಾಗದ ಜಾಗದಲ್ಲಿ ಕಟ್ಟಿದ್ದೇನೆ. ಯಾವುದು ಕೆಲಸ ಮಾಡಿತೋ, ಮತ್ತೆ ಬಂದಿಲ್ಲ.

ಕಾರು ಮನೆಗೆ ಬಂದ ದಿನ ಅಮ್ಮ ಅಭ್ಯಾಸಬಲದಿಂದ ಹಳೆಯ ದಿಂಬನ್ನು ಎತ್ತಿಕೊಂಡು ಬಂದು ಹೊಸ ಸೀಟಿನ ಮೇಲಿಟ್ಟು ಕೂತಿದ್ದಳು. ಕಾಲು ನೆಲಕ್ಕೆ ಎಟುಕದೆ ತೂಗಾಡಿತು. ದಿಂಬು ಡಿಕ್ಕಿಗೆ ಹೋಯಿತು. ಹೋದ ತಿಂಗಳು ಅರಸೀಕೆರೆ ದಾಟಿದ ಮೇಲೆ ಎಡಗಡೆಯ ಹಿಂದಿನ ಟೈರು ಪಂಕ್ಚರ್ ಆಯಿತು. ಮಧ್ಯಾಹ್ನದ ಡಾಂಬರು ಕಾದಿತ್ತು. ಅಮ್ಮ ಕಿಟಕಿಯಿಂದ ಇಣುಕಿ, "ದಿಂಬು ಹಾಕಿಕೊಳ್ಳೋ, ಮಂಡಿ ಸುಟ್ಟೀತು" ಎಂದಳು. ಹಾಕಿಕೊಂಡೆ, ಜ್ಯಾಕ್ ಎತ್ತಿದೆ.