ವಿಂಡೋಸ್ 11ಕ್ಕೆ ಏರಿಸಿದ ಮೇಲೆ ವಿಡಿಯೊ ರೆಕಾರ್ಡ್ ಆಗುತ್ತಿಲ್ಲವೇ? ಹೊಸ ಕ್ಯಾಮೆರಾ ಕೊಳ್ಳುವ ಮುಂಚೆ ಇದನ್ನು ಓದಿ

ನಮ್ಮ ಅಕ್ಕ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಪಾಠ ತಪ್ಪಿಸಿಕೊಂಡ ಮಕ್ಕಳಿಗೆಂದು ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಗೀತೆಯನ್ನೋ ವರ್ಣವನ್ನೋ ಹಾಡಿ, ರೆಕಾರ್ಡ್ ಮಾಡಿ ಕಳಿಸುವುದು ರೂಢಿ. ಆ ಲ್ಯಾಪ್‌ಟಾಪನ್ನು ವಿಂಡೋಸ್ 10ರಿಂದ 11ಕ್ಕೆ ಏರಿಸಿದ ಮರುದಿನ ಬೆಳಿಗ್ಗೆಯೇ ಫೋನ್ ಬಂತು. "ಎಲ್ಲಾ ಹಾಳಾಯ್ತು ಕಣೋ. ಮುಖಾನೇ ಕಾಣ್ತಿಲ್ಲ, ಬರೀ ಕಪ್ಪು. ಕ್ಯಾಮೆರಾ ಹೋಗಿದೆ, ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳಿದ್ರು."

ಕ್ಯಾಮೆರಾ ಹೋಗಿರಲಿಲ್ಲ. ಭಾನುವಾರ ಕೂತು ನೋಡಿದಾಗ ಸಿಕ್ಕಿದ್ದು ಒಂದಲ್ಲ, ನಾಲ್ಕು ತೊಂದರೆ. ನಾಲ್ಕೂ ಬೇರೆ ಬೇರೆ ಕಡೆಯವು, ಯಾವುದಕ್ಕೂ ದುಡ್ಡು ಬೇಕಾಗಲಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೊಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ ಮೇಲೆ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ ಕಂಪ್ಯೂಟರ್‌ಗಳು 11ಕ್ಕೆ ಏರಿವೆ. ಹೀಗೆ ಏರುವಾಗ ಬದಲಾಗುವುದು ಪರದೆಯ ಚೆಂದವಷ್ಟೇ ಅಲ್ಲ. ಕ್ಯಾಮೆರಾದ ಡ್ರೈವರ್ (ಕ್ಯಾಮೆರಾವನ್ನು ವಿಂಡೋಸ್‌ಗೆ ಹೊಂದಿಸುವ ಸಣ್ಣ ಸಾಫ್ಟ್‌ವೇರ್) ಬದಲಾಗಬಹುದು, ಮೈಕಿನ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಮರಳಬಹುದು, ಫೈಲ್ ಉಳಿಯುವ ಜಾಗವೂ ಬೇರೆಯಾಗಬಹುದು.

ಮೊದಲಿಗೆ ಒಂದು ಮಾತು. ಎಲ್ಲದಕ್ಕೂ ಒಟ್ಟಿಗೆ ಕೈಹಾಕಬೇಡಿ. ಒಂದು ಹಾಳೆ ಇಟ್ಟುಕೊಂಡು, ಏನು ಬದಲಿಸಿದಿರಿ ಎಂದು ಬರೆಯುತ್ತಾ ಹೋಗಿ. ಪ್ರತಿ ಬದಲಾವಣೆಯ ನಂತರ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡಿ. ಇನ್ನೊಂದು ವಿಷಯ: ಹೊಸ ವಿಂಡೋಸ್‌ಗೆ ಏರಿದ ಮೇಲೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನದ ಅವಕಾಶ ಇರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋದರೆ 'ಗೋ ಬ್ಯಾಕ್' ಎಂಬ ಬಟನ್ ಕಾಣುತ್ತದೆ. ಡಿಸ್ಕ್ ತುಂಬಿತೆಂದು 'ವಿಂಡೋಸ್.ಓಲ್ಡ್' ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ರೆಕಾರ್ಡಿಂಗ್ ನೆಚ್ಚಿ ಕೆಲಸ ಮಾಡುವವರು ಈ ಪರೀಕ್ಷೆಗಳನ್ನು ಮೊದಲ ವಾರದಲ್ಲೇ ಮುಗಿಸಿಕೊಳ್ಳಿ.

ತೊಂದರೆ ಎಲ್ಲಿದೆ?

ನೀವು ಬಳಸುವ ಸಾಫ್ಟ್‌ವೇರ್ ಯಾವುದೇ ಇರಲಿ, ಅದನ್ನು ಪಕ್ಕಕ್ಕಿಡಿ. ವಿಂಡೋಸ್‌ನ ಜೊತೆಗೇ ಬರುವ 'ಕ್ಯಾಮೆರಾ' ಆ್ಯಪ್ ತೆರೆದು ಹತ್ತು ಸೆಕೆಂಡ್ ವಿಡಿಯೊ ತೆಗೆಯಿರಿ, ಮರಳಿ ಹಾಕಿ ನೋಡಿ. ಅಲ್ಲಿ ಚಿತ್ರ ಬಂದರೆ ಕ್ಯಾಮೆರಾ, ಡ್ರೈವರ್ ಎರಡೂ ನೆಟ್ಟಗಿವೆ ಎಂದು ತಿಳಿಯಿರಿ. ಹುಡುಕಬೇಕಾದ್ದು ನಿಮ್ಮ ಸಾಫ್ಟ್‌ವೇರಿನಲ್ಲಿ, ಇಲ್ಲವೇ ಅದಕ್ಕೆ ವಿಂಡೋಸ್ ಕೊಟ್ಟ ಅನುಮತಿಯಲ್ಲಿ. ಬರದಿದ್ದರೆ ತೊಂದರೆ ಅದಕ್ಕಿಂತ ಕೆಳಗಿದೆ. ಪರದೆ ರೆಕಾರ್ಡ್ ಮಾಡುವವರು ಇದೇ ಪರೀಕ್ಷೆಯನ್ನು ವಿಂಡೋಸ್ 11ರ 'ಸ್ನಿಪ್ಪಿಂಗ್ ಟೂಲ್'ನಲ್ಲಿ ಮಾಡಬಹುದು, ಅದರಲ್ಲೀಗ ವಿಡಿಯೊ ಗುಂಡಿಯೂ ಇದೆ. ಆಟಗಳನ್ನು ರೆಕಾರ್ಡ್ ಮಾಡಲೆಂದು ವಿಂಡೋಸ್‌ನಲ್ಲಿರುವ 'ಗೇಮ್ ಬಾರ್' ಮಾತ್ರ ಈ ಪರೀಕ್ಷೆಗೆ ಬೇಡ. ಅದು ಡೆಸ್ಕ್‌ಟಾಪನ್ನಾಗಲಿ ಫೈಲ್ ಎಕ್ಸ್‌ಪ್ಲೋರರನ್ನಾಗಲಿ ರೆಕಾರ್ಡ್ ಮಾಡುವುದೇ ಇಲ್ಲ. ಅದು ಕೆಟ್ಟದ್ದಲ್ಲ, ಇರುವುದೇ ಹಾಗೆ.

ಕ್ಯಾಮೆರಾ ಆ್ಯಪ್‌ನಲ್ಲಿ ತಪ್ಪಿನ ಸಂದೇಶ ಬಂದರೆ ಅದರ ಉದ್ದನೆಯ ಕೋಡ್ ನೋಡಿ ಹೆದರಬೇಡಿ. ಕೊನೆಯ ನಾಲ್ಕು ಅಂಕಿ ಓದಿದರೆ ಸಾಕು. 4244 ಎಂದಿದ್ದರೆ ವಿಂಡೋಸ್‌ಗೆ ಕ್ಯಾಮೆರಾವೇ ಕಾಣುತ್ತಿಲ್ಲ. 4243 ಎಂದಿದ್ದರೆ ಬೇರೊಂದು ಆ್ಯಪ್ ಅದನ್ನು ಹಿಡಿದುಕೊಂಡಿದೆ. ಗಡಿಯಾರದ ಪಕ್ಕದ ಬಾಣದ ಗುರುತು ಒತ್ತಿ, ಅಲ್ಲಿ ಅಡಗಿ ಕೂತ ಮೀಟಿಂಗ್ ಆ್ಯಪನ್ನು ಮುಚ್ಚಿ. ಲೆನ್ಸಿನ ಮೇಲಿನ ಜಾರುವ ಮುಚ್ಚಳ ಮತ್ತು ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಕ್ಯಾಮೆರಾ ಚಿತ್ರವಿರುವ ಕೀ, ಇವೆರಡನ್ನೂ ಒಮ್ಮೆ ನೋಡಿಬಿಡಿ.

ಅನುಮತಿಯ ಮೂರು ಸ್ವಿಚ್

ಅಕ್ಕನ ಕಪ್ಪು ಪರದೆಗೆ ಕಾರಣ ಇಲ್ಲಿತ್ತು. ಕ್ಯಾಮೆರಾ ಆ್ಯಪ್‌ನಲ್ಲಿ ಅವಳ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ರೆಕಾರ್ಡಿಂಗಿಗೆ ಅವಳು ದಿನಾ ಬಳಸುವ ಸಾಫ್ಟ್‌ವೇರ್ ಆದ ಒಬಿಎಸ್‌ನಲ್ಲಿ ಮಾತ್ರ ಕಪ್ಪು.

ಸೆಟ್ಟಿಂಗ್ಸ್ ತೆರೆದು 'ಪ್ರೈವಸಿ ಅಂಡ್ ಸೆಕ್ಯುರಿಟಿ'ಗೆ ಹೋಗಿ, ಕೆಳಗೆ 'ಕ್ಯಾಮೆರಾ' ಒತ್ತಿ. ಅಲ್ಲಿ ಮೂರು ಸ್ವಿಚ್‌ಗಳಿವೆ. ಮೊದಲನೆಯದು ಇಡೀ ಕಂಪ್ಯೂಟರಿಗೆ ಅನುಮತಿ. ಎರಡನೆಯದು ಆ್ಯಪ್‌ಗಳಿಗೆ, ಅದರ ಕೆಳಗೆ ಒಂದೊಂದು ಆ್ಯಪ್‌ಗೂ ಬೇರೆ ಸ್ವಿಚ್. ಪಟ್ಟಿಯನ್ನು ಪೂರ್ತಿ ಕೆಳಗೆ ಎಳೆದರೆ ಮೂರನೆಯದು ಸಿಗುತ್ತದೆ: 'ಲೆಟ್ ಡೆಸ್ಕ್‌ಟಾಪ್ ಆ್ಯಪ್ಸ್ ಆ್ಯಕ್ಸೆಸ್ ಯುವರ್ ಕ್ಯಾಮೆರಾ'. ಒಬಿಎಸ್‌ನಂಥ, ವೆಬ್‌ಸೈಟಿನಿಂದ ಇಳಿಸಿಕೊಂಡು ಹಾಕಿದ ಸಾಫ್ಟ್‌ವೇರ್‌ಗಳೆಲ್ಲ ಈ ಮೂರನೆಯದರ ಲೆಕ್ಕಕ್ಕೆ ಬರುತ್ತವೆ. ಮೇಲಿನ ಎರಡು ಆನ್ ಇದ್ದು ಇದೊಂದು ಆಫ್ ಆಗಿದ್ದರೆ ವಿಂಡೋಸ್‌ನ ಆ್ಯಪ್ ಕೆಲಸ ಮಾಡುತ್ತದೆ, ನಿಮ್ಮದು ಮಾಡುವುದಿಲ್ಲ. ಸ್ವಿಚ್ ಒತ್ತಿ, ಸಾಫ್ಟ್‌ವೇರ್ ಮುಚ್ಚಿ ತೆರೆದದ್ದೇ ತಡ, ಅಕ್ಕನ ಮುಖ ಬಂತು.

'ಮೈಕ್ರೊಫೋನ್' ಪುಟದಲ್ಲೂ ಇದೇ ಮೂರು ಸ್ವಿಚ್‌ಗಳಿವೆ, ಅಲ್ಲಿಗೂ ಹೋಗಿ ಬನ್ನಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅದರೊಳಗೆ ವೆಬ್‌ಕ್ಯಾಮ್ ರಕ್ಷಣೆ ಎಂಬ ಇನ್ನೊಂದು ಕಾವಲು ಇರಬಹುದು. ಅಲ್ಲಿ ನಿಮ್ಮ ಸಾಫ್ಟ್‌ವೇರಿನ ಹೆಸರಿಗೆ ಅನುಮತಿ ಕೊಡಿ.

ಡ್ರೈವರ್

ಕ್ಯಾಮೆರಾ ಆ್ಯಪ್‌ನಲ್ಲೂ ಚಿತ್ರ ಬರದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಕ್ಯಾಮೆರಾಸ್' ಅಡಿ ನಿಮ್ಮ ಕ್ಯಾಮೆರಾ ಇರಬೇಕು. ಹಳದಿ ಗುರುತಿದ್ದರೆ ಡ್ರೈವರ್ ಹೊಂದುತ್ತಿಲ್ಲ ಎಂದರ್ಥ. ಮೊದಲು ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ 'ರೋಲ್ ಬ್ಯಾಕ್' ಒತ್ತಲು ಬರುತ್ತದೆಯೇ ನೋಡಿ. ಬರದಿದ್ದರೆ 'ಅಪ್‌ಡೇಟ್ ಡ್ರೈವರ್' ಒತ್ತಿ, ಕಂಪ್ಯೂಟರಿನಲ್ಲೇ ಹುಡುಕುವ ಎರಡನೆಯ ಆಯ್ಕೆ ಹಿಡಿದು, ಪಟ್ಟಿಯಿಂದ ಆರಿಸುವ ಪುಟಕ್ಕೆ ಹೋಗಿ. ಅಲ್ಲಿ 'ಯುಎಸ್‌ಬಿ ವಿಡಿಯೊ ಡಿವೈಸ್' ಎಂದಿದ್ದರೆ ಅದನ್ನು ಆರಿಸಿ. ಇದು ಮೈಕ್ರೊಸಾಫ್ಟಿನದೇ ಸಾಮಾನ್ಯ ಡ್ರೈವರ್. ಕಂಪನಿಯ ವಿಶೇಷ ಸೌಲಭ್ಯಗಳು ಕೆಲವು ಹೋಗಬಹುದು, ಚಿತ್ರವಂತೂ ಬರುತ್ತದೆ. ಹೆಚ್ಚಿನ ವೆಬ್‌ಕ್ಯಾಮ್‌ಗಳಿಗೆ ನಾನು ಇದನ್ನೇ ಹಾಕುತ್ತೇನೆ.

ಚಿತ್ರ ಬಂತು, ಆದರೆ ಪಟ್ಟೆ ಪಟ್ಟೆ

ಅಕ್ಕನ ಎರಡನೆಯ ತೊಂದರೆ ನೋಡಲು ವಿಚಿತ್ರವಾಗಿತ್ತು. ವಿಡಿಯೊದಲ್ಲಿ ಅವಳ ಹಿಂದಿನ ಗೋಡೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು ನಿಧಾನವಾಗಿ ಮೇಲಕ್ಕೆ ಹರಿಯುತ್ತಿದ್ದವು. ಸೀರೆಯ ಮೇಲೂ ಅದೇ ಅಲೆ. ಹಗಲು ಕಿಟಕಿ ಬೆಳಕಿನಲ್ಲಿ ಇಲ್ಲ, ಸಂಜೆ ಟ್ಯೂಬ್‌ಲೈಟ್ ಹಾಕಿದೊಡನೆ ಶುರು.

ನಮ್ಮ ದೇಶದ ಮನೆಗಳ ಕರೆಂಟು 50 ಹರ್ಟ್ಸಿನದು. ಹಾಗಾಗಿ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಗೆ ತಿಳಿಯುತ್ತದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಹೊಸ ಡ್ರೈವರ್ ಕೂತಾಗ ಈ ಸೆಟ್ಟಿಂಗ್ 60ಕ್ಕೆ ಹೋಗಿ ನಿಂತರೆ, ಕ್ಯಾಮೆರಾ ಬೆಳಕು ಹಿಡಿಯುವ ಲಯಕ್ಕೂ ನಮ್ಮ ದೀಪದ ಲಯಕ್ಕೂ ತಾಳ ತಪ್ಪುತ್ತದೆ. ಆ ತಪ್ಪಿದ ತಾಳವೇ ಪಟ್ಟೆಯಾಗಿ ಕಾಣುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲೂ ಹೀಗಾಗುವುದುಂಟು. ಕ್ಯಾಮೆರಾ ಆ್ಯಪ್‌ನ ಸೆಟ್ಟಿಂಗಿನಲ್ಲಿ 'ಫ್ಲಿಕರ್ ರಿಡಕ್ಷನ್' ಹುಡುಕಿ 50 ಹರ್ಟ್ಸ್ ಮಾಡಿ. ಒಬಿಎಸ್‌ನಲ್ಲಾದರೆ ಕ್ಯಾಮೆರಾ ಸೋರ್ಸಿನ ಪ್ರಾಪರ್ಟೀಸ್‌ನಲ್ಲಿ 'ಕಾನ್ಫಿಗರ್ ವಿಡಿಯೊ' ಒತ್ತಿದರೆ 'ಪವರ್‌ಲೈನ್ ಫ್ರೀಕ್ವೆನ್ಸಿ' ಎಂಬ ಸಾಲು ಸಿಗುತ್ತದೆ. ಅಲ್ಲೂ 50.

ಪಟ್ಟೆಯಿಲ್ಲ, ಆದರೆ ಕೈ ಆಡಿಸಿದರೆ ಚಿತ್ರ ತಡೆದು ತಡೆದು ಬರುತ್ತದೆ ಎನ್ನುವವರು ಒಬಿಎಸ್‌ನ ಅದೇ ಪ್ರಾಪರ್ಟೀಸ್ ಪುಟದಲ್ಲಿ ವಿಡಿಯೊ ಫಾರ್ಮ್ಯಾಟ್ ನೋಡಿ. 'ವೈಯುವೈ2' ಎಂದರೆ ಹಿಂಡದ, ಹಸಿ ಚಿತ್ರ. 1080 ರೆಸಲ್ಯೂಷನ್ನಿನಲ್ಲಿ ಸೆಕೆಂಡಿಗೆ 30 ಚಿತ್ರ ಕಳಿಸಲು ಅದಕ್ಕೆ ಸುಮಾರು 995 ಮೆಗಾಬಿಟ್ ಬೇಕು. ಯುಎಸ್‌ಬಿ 2ರ ದಾರಿಯ ಅಗಲವೇ 480. ಅದಕ್ಕೇ ಕ್ಯಾಮೆರಾ ಚಿತ್ರಗಳ ಸಂಖ್ಯೆ ಇಳಿಸಿಬಿಡುತ್ತದೆ. ಫಾರ್ಮ್ಯಾಟನ್ನು 'ಎಂಜೆಪೆಗ್' ಮಾಡಿದರೆ ಚಿತ್ರ ಕ್ಯಾಮೆರಾದೊಳಗೇ ಹಿಂಡಿಕೊಂಡು ಬರುತ್ತದೆ, ಓಟ ಸರಿಯಾಗುತ್ತದೆ. 2016ರ ಆಗಸ್ಟಿನಲ್ಲಿ ವಿಂಡೋಸ್ 10ರ ಆ್ಯನಿವರ್ಸರಿ ಅಪ್‌ಡೇಟ್ ಬಂದಾಗ ಮೈಕ್ರೊಸಾಫ್ಟ್ ಈ ಹಿಂಡಿದ ಫಾರ್ಮ್ಯಾಟುಗಳನ್ನು ಆ್ಯಪ್‌ಗಳಿಗೆ ತಲುಪದಂತೆ ಮಾಡಿ, ಬಹಳ ಜನರ ವೆಬ್‌ಕ್ಯಾಮ್‌ಗಳು ನಿಂತುಹೋಗಿದ್ದವು. ಆಮೇಲೆ ಅದನ್ನು ಸರಿಪಡಿಸಬೇಕಾಯಿತು. ಮೇಲೇರಿಸಿದ್ದರಿಂದಲೇ ಕ್ಯಾಮೆರಾ ತೊಂದರೆ ಕೊಡುವುದು ನಿಮ್ಮ ಭ್ರಮೆಯಲ್ಲ.

ತಂಬೂರಿ ಎಲ್ಲಿ ಹೋಯಿತು?

ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಇದು. ಅಕ್ಕ ಹಾಡುವಾಗ ಪಕ್ಕದಲ್ಲಿ ಶ್ರುತಿಪೆಟ್ಟಿಗೆಯ ತಂಬೂರಿ ನಾದ ಇರುತ್ತದೆ. ರೆಕಾರ್ಡಿಂಗಿನಲ್ಲಿ ಅವಳ ದನಿ ಇದೆ, ತಂಬೂರಿ ಇಲ್ಲ! ಹಾಡು ಶುರುವಾದ ಮೊದಲ ಎರಡು ಸೆಕೆಂಡ್ ಕೇಳುತ್ತದೆ, ಆಮೇಲೆ ಯಾರೋ ಬಾಗಿಲು ಹಾಕಿಕೊಂಡಂತೆ ಮಾಯ. ಉದ್ದನೆಯ ಕಾರ್ವೆಗಳ (ಎಳೆದು ನಿಲ್ಲಿಸಿದ ಸ್ವರಗಳ) ತುದಿಯೂ ಕತ್ತರಿಸಿದಂತೆ ನಿಲ್ಲುತ್ತಿತ್ತು.

ಹೊಸ ಸೌಂಡ್ ಡ್ರೈವರಿನ ಜೊತೆ ಗದ್ದಲ ಕಡಿಮೆ ಮಾಡುವ ಸೌಲಭ್ಯವೂ ಬಂದು ತಾನಾಗಿ ಆನ್ ಆಗಿತ್ತು. ಒಂದೇ ಸಮನೆ ಕೇಳುವ ಸದ್ದನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತದೆ. ಮಾತಿಗೆ ಅದು ಒಳ್ಳೆಯದೇ, ಸಂಗೀತಕ್ಕೆ ಸಲ್ಲದು. ತಂಬೂರಿ, ಹಾರ್ಮೋನಿಯಂ, ಕೊಳಲಿನ ಉದ್ದ ಸ್ವರ ಎಲ್ಲವೂ ಅದರ ಬಾಯಿಗೆ ಬೀಳುತ್ತವೆ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ನಿಮ್ಮ ಮೈಕಿನ ಹೆಸರು ಒತ್ತಿ. 'ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್' ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಸೌಂಡ್ ಆ್ಯಪ್ ಇದ್ದರೆ ಅಲ್ಲಿಯೂ 'ನಾಯ್ಸ್' ಎಂಬ ಪದವಿರುವ ಸ್ವಿಚ್ ಹುಡುಕಿ ಆಫ್ ಮಾಡಿಬಿಡಿ.

ಅದೇ ಪುಟದಲ್ಲಿ 'ಫಾರ್ಮ್ಯಾಟ್' ಎಂಬಲ್ಲಿ 44100 ಅಥವಾ 48000 ಹರ್ಟ್ಸ್ ಎಂದಿರುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲೂ ಅದೇ ಸಂಖ್ಯೆ ಇರಲಿ. ವಿಡಿಯೊಗೆ 48000 ರೂಢಿ. ಎರಡೂ ಬೇರೆಯಾದರೆ ಸದ್ದು ಚಟಪಟ ಎನ್ನಬಹುದು, ಹೊತ್ತು ಕಳೆದಂತೆ ತುಟಿಗೂ ದನಿಗೂ ಹೊಂದದೆ ಹೋಗಬಹುದು.

ಪರದೆ ರೆಕಾರ್ಡ್ ಮಾಡುವವರಿಗೆ

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಒಂದರ ಮೇಲೆ, ಒಬಿಎಸ್ ಇನ್ನೊಂದರ ಮೇಲೆ ಓಡಿದರೆ ಡಿಸ್‌ಪ್ಲೇ ಕ್ಯಾಪ್ಚರ್ (ಇಡೀ ಪರದೆ ಹಿಡಿಯುವ ಸೋರ್ಸ್) ಕಪ್ಪಾಗಿ ಬರುತ್ತದೆ. ಸೋರ್ಸಿನ ಪ್ರಾಪರ್ಟೀಸ್‌ನಲ್ಲಿ ಕ್ಯಾಪ್ಚರ್ ಮೆಥಡ್ ಅನ್ನು 'ವಿಂಡೋಸ್ 10 (1903 ಮತ್ತು ನಂತರದ್ದು)' ಮಾಡಿ; ಹೆಸರಿನಲ್ಲಿ 10 ಎಂದಿದ್ದರೂ 11ಕ್ಕೂ ಅದೇ. ಆಗಲೂ ಬರದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಒಬಿಎಸ್ ಅನ್ನು 'ಪವರ್ ಸೇವಿಂಗ್'ಗೆ ಹಾಕಿ. ಒಟಿಟಿ ಸಿನಿಮಾ ಮಾತ್ರ ಕಪ್ಪಾಗಿ ಬಂದರೆ ಅದು ತೊಂದರೆಯಲ್ಲ, ನಕಲು ತಡೆಯಲೆಂದೇ ಹಾಗೆ ಮಾಡಿರುತ್ತಾರೆ.

ರೆಕಾರ್ಡ್ ಒತ್ತಿದೊಡನೆ, ಚಿತ್ರವನ್ನು ಹಿಂಡಿ ಫೈಲ್ ಮಾಡುವ 'ಎನ್‌ಕೋಡರ್' ಶುರುವಾಗಲಿಲ್ಲ ಎಂದರೆ ಡಿವೈಸ್ ಮ್ಯಾನೇಜರಿನಲ್ಲಿ 'ಡಿಸ್‌ಪ್ಲೇ ಅಡಾಪ್ಟರ್ಸ್' ನೋಡಿ. ಅಲ್ಲಿ 'ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ನಿಮ್ಮ ಗ್ರಾಫಿಕ್ಸ್ ಡ್ರೈವರ್ ಕಳೆದುಹೋಗಿದೆ. ಇಂಟೆಲ್, ಎನ್‌ವಿಡಿಯಾ ಅಥವಾ ಎಎಂಡಿ ಜಾಲತಾಣದಿಂದಲೇ ಹೊಸದು ಹಾಕಿಕೊಳ್ಳಿ. ಅಲ್ಲಿಯವರೆಗೆ ಎನ್‌ಕೋಡರನ್ನು 'ಎಕ್ಸ್264' (ಪ್ರೊಸೆಸರ್ ಮೇಲೆಯೇ ಓಡುವಂಥದ್ದು) ಮಾಡಿಕೊಂಡರೆ ಕೆಲಸ ನಡೆಯುತ್ತದೆ, ಫ್ಯಾನ್ ಜೋರಾಗುತ್ತದೆ ಅಷ್ಟೆ.

ರೆಕಾರ್ಡ್ ಆಯಿತು, ಫೈಲ್ ಎಲ್ಲಿ?

ನಾಲ್ಕನೆಯ ತೊಂದರೆ ಇದೇ. ಕ್ಯಾಮೆರಾ ಆ್ಯಪ್ ತನ್ನ ವಿಡಿಯೊಗಳನ್ನು 'ಪಿಕ್ಚರ್ಸ್' ಒಳಗಿನ 'ಕ್ಯಾಮೆರಾ ರೋಲ್'ನಲ್ಲಿ ಇಡುತ್ತದೆ. ಹೊಸ ವಿಂಡೋಸ್‌ನ ಮೊದಲ ಪ್ರಶ್ನೆಗಳಿಗೆ 'ನೆಕ್ಸ್ಟ್' ಒತ್ತುತ್ತಾ ಹೋದಾಗ ಅಕ್ಕನ 'ಪಿಕ್ಚರ್ಸ್' ಫೋಲ್ಡರ್ ಮೈಕ್ರೊಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಸೇರಿಬಿಟ್ಟಿತ್ತು. ಪುಕ್ಕಟೆ ಸಿಗುವ ಜಾಗ 5 ಜಿಬಿ. ಎರಡು ಪಾಠಕ್ಕೇ ತುಂಬಿತು. ರೆಕಾರ್ಡಿಂಗಿಗೆಂದೇ ಡಿಸ್ಕಿನಲ್ಲಿ ಬೇರೆ ಫೋಲ್ಡರ್ ಮಾಡಿ, ಸಾಫ್ಟ್‌ವೇರಿಗೆ ಅದನ್ನೇ ತೋರಿಸಿ.

ಫೈಲ್ ಬರೆಯಲಾಗುತ್ತಿಲ್ಲ ಎಂಬ ಸಂದೇಶ ಬಂದರೆ ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ಪುಟದಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಆನ್ ಆಗಿದೆಯೇ ನೋಡಿ. ಆಗಿದ್ದರೆ ಅದನ್ನು ತೆಗೆಯಬೇಡಿ, ನಿಮ್ಮ ಸಾಫ್ಟ್‌ವೇರಿಗೆ ಮಾತ್ರ ಅನುಮತಿ ಸೇರಿಸಿ. ಪೆನ್‌ಡ್ರೈವಿಗೆ ನೇರ ರೆಕಾರ್ಡ್ ಮಾಡುವಾಗ ಪ್ರತಿ ಸಲವೂ ಮುಕ್ಕಾಲು ಗಂಟೆ ಆಸುಪಾಸಿನಲ್ಲಿ ನಿಲ್ಲುತ್ತಿದ್ದರೆ ಅದು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನ ಪೆನ್‌ಡ್ರೈವ್. ಒಂದು ಫೈಲ್ 4 ಜಿಬಿ ದಾಟಲು ಅದು ಬಿಡುವುದಿಲ್ಲ. ಸೆಕೆಂಡಿಗೆ 12 ಮೆಗಾಬಿಟ್ ದರದಲ್ಲಿ ಅಷ್ಟು ತುಂಬಲು ಸುಮಾರು 45 ನಿಮಿಷ ಸಾಕು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿರುವುದನ್ನು ಮೊದಲು ಬೇರೆಡೆ ಇಟ್ಟುಕೊಂಡು. ಇನ್ನು ಒಬಿಎಸ್‌ನಲ್ಲಿ ಎಂಕೆವಿ ಎಂಬ ಬಗೆಯ ಫೈಲಿನಲ್ಲೇ ರೆಕಾರ್ಡ್ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ, ಆಮೇಲೆ ಫೈಲ್ ಮೆನುವಿನ 'ರೀಮಕ್ಸ್'ನಿಂದ ಎಂಪಿ4 ಮಾಡಿಕೊಳ್ಳಬಹುದು.

ಮ್ಯಾಕ್ ಬಳಸುವವರು ಪ್ರೈವಸಿ ಪುಟದ 'ಸ್ಕ್ರೀನ್ ಅಂಡ್ ಸಿಸ್ಟಮ್ ಆಡಿಯೊ ರೆಕಾರ್ಡಿಂಗ್'ನಲ್ಲಿ ಸಾಫ್ಟ್‌ವೇರಿನ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ, ಅದನ್ನು ಪೂರ್ತಿ ಮುಚ್ಚಿ ತೆರೆದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಸರಿಯಾಗದೆ ಉಳಿದದ್ದು

ಅಪ್ಪನ ಕಾಲದ ಕಛೇರಿಗಳ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ನಮ್ಮಲ್ಲಿ ಒಂದು ಹಳೆಯ ಕ್ಯಾಪ್ಚರ್ ಡಬ್ಬಿ ಇದೆ. ಅದು 11ರಲ್ಲಿ ಏಳಲೇ ಇಲ್ಲ. ವಿಂಡೋಸ್ ಸೆಕ್ಯುರಿಟಿಯ 'ಕೋರ್ ಐಸೊಲೇಷನ್'ನಲ್ಲಿರುವ 'ಮೆಮೊರಿ ಇಂಟೆಗ್ರಿಟಿ' ಎಂಬ ರಕ್ಷಣೆ ಹಳೆಯ ಡ್ರೈವರ್‌ಗಳನ್ನು ತಡೆಯುತ್ತದೆ. ಆ ರಕ್ಷಣೆ ತೆಗೆದರೆ ಡಬ್ಬಿ ಓಡಬಹುದು. ಬ್ಯಾಂಕಿನ ಕೆಲಸವೂ ನಡೆಯುವ ಲ್ಯಾಪ್‌ಟಾಪಿನಲ್ಲಿ ಅದನ್ನು ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಲ್ಯಾಪ್‌ಟಾಪ್ ಇಳಿಸಿದೆವು. ಅದರಲ್ಲಿ ವಿಂಡೋಸ್ 10 ಹಾಗೇ ಇದೆ. ವೈಫೈ ಪಾಸ್‌ವರ್ಡ್ ಮರೆಸಿ, ಇಂಟರ್‌ನೆಟ್ ಸೋಕದಂತೆ ಮಾಡಿ, ಕ್ಯಾಸೆಟ್ ಇಳಿಸುವುದಕ್ಕೆಂದೇ ಮೇಜಿನ ಮೇಲಿಟ್ಟಿದ್ದೇವೆ. ಈವರೆಗೆ ಹನ್ನೊಂದು ಕ್ಯಾಸೆಟ್ ಆಗಿವೆ, ಇನ್ನೂ ಒಂದು ಟ್ರಂಕು ಇದೆ.