ಎರಡು ಕಾರ್ಡ್‌ನಿಂದ ಎಂಟಕ್ಕೆ: ನಾನು ಗಿಟಾರ್ ಹಾಡು ಕಲಿತ ದಾರಿ

ಮೊದಲ ತಿಂಗಳು ನಾನು ಕಾರ್ಡ್ ಕಲಿತೆ, ಹಾಡು ಕಲಿಯಲಿಲ್ಲ. ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ಕೇಳಿಸುವಂತೆ ಎಡಗೈ ಬೆರಳುಗಳಿಂದ ತಂತಿ ಒತ್ತಿ ಹಿಡಿಯುವ ಆಕಾರ; ಎ, ಸಿ, ಡಿ, ಜಿ ಅಂತೆಲ್ಲ ಅವಕ್ಕೆ ಹೆಸರು. ಗೋಡೆಗೆ ಒಂದು ಚಾರ್ಟ್ ಅಂಟಿಸಿಕೊಂಡಿದ್ದೆ. ಅದರಲ್ಲಿ 15 ಕಾರ್ಡ್‌ಗಳ ಚಿತ್ರ ಇತ್ತು. ಒಂದೊಂದನ್ನೇ ತೆಗೆದುಕೊಂಡು ಬೆರಳಿಟ್ಟು, ತಂತಿಗಳನ್ನು ಬಿಡಿಬಿಡಿಯಾಗಿ ನುಡಿಸಿ ನೋಡುತ್ತಿದ್ದೆ. ಎಲ್ಲ ತಂತಿಯೂ ಚೆನ್ನಾಗಿ ಕೇಳಿಸಿದರೆ ಟಿಕ್ ಹಾಕುತ್ತಿದ್ದೆ. ತಿಂಗಳ ಕೊನೆಗೆ ಹದಿನೈದಕ್ಕೂ ಟಿಕ್ ಬಿತ್ತು. ಆಮೇಲೆ ಖುಷಿಯಿಂದ ಒಂದು ಹಾಡು ಎತ್ತಿಕೊಂಡೆ. ಮೊದಲ ಸಾಲಿನಲ್ಲೇ ನಿಂತುಹೋಯಿತು. ಜಿ ಗೊತ್ತಿತ್ತು, ಸಿ ಗೊತ್ತಿತ್ತು. ಜಿಯಿಂದ ಸಿಗೆ ಹೋಗುವುದು ಗೊತ್ತಿರಲಿಲ್ಲ.

ಒಂದು ವಾರ ಬೇಜಾರಿನಲ್ಲಿ ಗಿಟಾರ್ ಮುಟ್ಟಲಿಲ್ಲ. ಮತ್ತೆ ಕೈಗೆತ್ತಿಕೊಂಡಾಗ ಒಂದು ಸಣ್ಣ ಲೆಕ್ಕ ಹಾಕಿದೆ. ಎರಡು ಕಾರ್ಡ್ ಇದ್ದರೆ ಕಲಿಯಬೇಕಾದ ಜೋಡಿ ಒಂದೇ. ಮೂರಾದರೆ 3 ಜೋಡಿ. ನಾಲ್ಕಾದರೆ 6, ಐದಾದರೆ 10. ಎಂಟು ಕಾರ್ಡ್‌ಗೆ 28. ಹದಿನೈದಕ್ಕೆ 105! ಅಂದರೆ ಹೊಸ ಕಾರ್ಡ್ ಒಂದೇ ಬರುವುದಿಲ್ಲ, ಈಗಾಗಲೇ ಇರುವ ಪ್ರತಿಯೊಂದು ಕಾರ್ಡ್‌ನಿಂದ ಒಂದೊಂದು ದಾರಿ ಜೊತೆಗೆ ತರುತ್ತದೆ. ನಾನು 15 ಮನೆ ನೋಡಿದ್ದೆ, ನಡುವಿನ ಒಂದು ಓಣಿಯಲ್ಲೂ ನಡೆದಿರಲಿಲ್ಲ.

ಚಾರ್ಟ್ ತೆಗೆದಿಟ್ಟೆ. ಎರಡೇ ಕಾರ್ಡ್ ಇಟ್ಟುಕೊಂಡೆ: ಡಿ ಮತ್ತು ಎ.

ಇವೆರಡನ್ನೇ ಯಾಕೆ ಆರಿಸಿದೆ ಅಂದರೆ, ಇಲ್ಲಿ ಒಂದು ಬೆರಳು ಜಾಗ ಬಿಟ್ಟು ಏಳುವುದೇ ಇಲ್ಲ. ತಂತಿಗಳನ್ನು ತೆಳ್ಳಗಿನ ಕಡೆಯಿಂದ ಎಣಿಸಬೇಕು, ತೀರಾ ತೆಳ್ಳಗಿನದು ಒಂದನೆಯದು. ಫ್ರೆಟ್ ಅಂದರೆ ಗಿಟಾರ್‌ನ ಕತ್ತಿನ ಮೇಲಿನ ಅಡ್ಡ ಪಟ್ಟಿಗಳ ನಡುವಿನ ಜಾಗ, ಅದನ್ನು ತಲೆಯ ಕಡೆಯಿಂದ ಎಣಿಸಬೇಕು. ಡಿ ಹಿಡಿದಾಗ ತೋರುಬೆರಳು ಮೂರನೆಯ ತಂತಿಯ 2ನೇ ಫ್ರೆಟ್‌ನಲ್ಲಿ, ಉಂಗುರಬೆರಳು ಎರಡನೆಯ ತಂತಿಯ 3ನೇ ಫ್ರೆಟ್‌ನಲ್ಲಿ, ನಡುಬೆರಳು ಒಂದನೆಯ ತಂತಿಯ 2ನೇ ಫ್ರೆಟ್‌ನಲ್ಲಿ ಇರುತ್ತದೆ. ಎ ಕಾರ್ಡ್‌ಗೆ ನಾಲ್ಕು, ಮೂರು, ಎರಡನೆಯ ತಂತಿಗಳ 2ನೇ ಫ್ರೆಟ್ ಒತ್ತಬೇಕು. ಸಾಮಾನ್ಯವಾಗಿ ಇದನ್ನು ತೋರು, ನಡು, ಉಂಗುರ ಅಂತ ಸಾಲಾಗಿ ಇಡಲು ಹೇಳುತ್ತಾರೆ. ನಾನು ನಡುಬೆರಳನ್ನು ನಾಲ್ಕನೆಯ ತಂತಿಗೆ ಕೊಟ್ಟು, ತೋರುಬೆರಳನ್ನು ಮೂರನೆಯದರ ಮೇಲೇ ಬಿಟ್ಟೆ. ಆಗ ಡಿಯಿಂದ ಎಗೆ ಹೋಗುವಾಗ ತೋರುಬೆರಳು ಇದ್ದಲ್ಲೇ ಇರುತ್ತದೆ. ಉಂಗುರಬೆರಳು ಅದೇ ತಂತಿಯ ಮೇಲೆ ಒಂದು ಫ್ರೆಟ್ ಹಿಂದಕ್ಕೆ ಜಾರುತ್ತದೆ. ನಿಜವಾಗಿ ಹಾರುವುದು ನಡುಬೆರಳು ಮಾತ್ರ. ಮೂರು ಬೆರಳಿನ ಕೆಲಸ ಒಂದಕ್ಕೆ ಇಳಿಯಿತು ಅಲ್ವಾ?

ಗಡಿಯಾರದಲ್ಲಿ ಒಂದು ನಿಮಿಷ ಇಟ್ಟುಕೊಂಡು, ಎಷ್ಟು ಸಲ ಕಾರ್ಡ್ ಬದಲಾಯಿಸಲು ಆಗುತ್ತದೆ ಅಂತ ಎಣಿಸಿದೆ. ಮೊದಲ ದಿನ 14. ಹತ್ತು ದಿನಕ್ಕೆ 38. ಒಂದು ನೋಟ್‌ಬುಕ್‌ನಲ್ಲಿ ಜೋಡಿಯ ಹೆಸರು, ಪಕ್ಕದಲ್ಲಿ ಆ ದಿನದ ಅಂಕಿ, ಅಷ್ಟೇ ಬರೆದೆ. ನಿಮಿಷಕ್ಕೆ 60 ಆಗಬೇಕು ಅಂತ ತುಂಬ ಜನ ಹೇಳುತ್ತಾರೆ. ನನಗೆ ಅಷ್ಟು ಕಾಯುವುದು ಬೇಕಿರಲಿಲ್ಲ. ನಿಮಿಷಕ್ಕೆ 80 ಬೀಟ್ ಇರುವ ಹಾಡಿನಲ್ಲಿ, ನಾಲ್ಕು ಬೀಟಿಗೊಮ್ಮೆ ಕಾರ್ಡ್ ಬದಲಾದರೆ ಬೇಕಾಗುವುದು ನಿಮಿಷಕ್ಕೆ 20 ಬದಲಾವಣೆ. ಆದರೆ ಹಾಡುವಾಗ ಗಮನ ಅರ್ಧ ಸಾಹಿತ್ಯದ ಮೇಲಿರುತ್ತದೆ, ಬಲಗೈ ಬೇರೆ ನಡೆಯುತ್ತಿರುತ್ತದೆ. ಹಾಗಾಗಿ ಎರಡರಷ್ಟು ಇರಲಿ ಅಂತ 40ನ್ನು ಗುರಿ ಮಾಡಿಕೊಂಡೆ. ಜೋಡಿ 40 ಮುಟ್ಟಿದರೆ ಹಾಡಿಗೆ ಹೋಗುವುದು. ಈಗಲೂ ಇದೇ ನನ್ನ ನಿಯಮ.

ಎರಡೇ ಕಾರ್ಡ್‌ನ ಹಾಡು ಸಿಗುತ್ತವಾ ಅಂತ ಅನುಮಾನ ಇತ್ತು. ಸಿಗುತ್ತವೆ. ಹ್ಯಾಂಕ್ ವಿಲಿಯಮ್ಸ್ 1952ರಲ್ಲಿ ಹಾಡಿದ ‘ಜಂಬಲಾಯ’ ಪೂರ್ತಿ ಎರಡು ಕಾರ್ಡ್‌ನಲ್ಲಿ ಮುಗಿಯುತ್ತದೆ. ಡಿ ಮತ್ತು ಎ ಹಿಡಿದು ಅದನ್ನೇ ನುಡಿಸಿದೆ. ಮಕ್ಕಳ ಪದ್ಯಗಳು, ಜೋಗುಳಗಳು ಎಷ್ಟೋ ಎರಡರಲ್ಲೇ ನಿಲ್ಲುತ್ತವೆ. ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲೂ ನಿಲ್ಲದೆ ನುಡಿಸಿದ ಆ ಮೊದಲ ಸಂಜೆ ನನಗೆ ಇನ್ನೂ ನೆನಪಿದೆ. ಹದಿನೈದು ಟಿಕ್ ಕೊಡದ ಸಂತೋಷವನ್ನು ಅದು ಕೊಟ್ಟಿತು.

‘ನಿಲ್ಲದೆ’ ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೊದಲಿಗೆ ನಾನು ಎಡಗೈಗಾಗಿ ಬಲಗೈಯನ್ನು ನಿಲ್ಲಿಸುತ್ತಿದ್ದೆ. ಕಾರ್ಡ್ ಸರಿಯಾಗಿ ಕೂತ ಮೇಲೆ ಮತ್ತೆ ಸ್ಟ್ರಮ್ ಮಾಡುತ್ತಿದ್ದೆ, ಅಂದರೆ ತಂತಿಗಳ ಮೇಲೆ ಬಲಗೈ ಬೀಸುತ್ತಿದ್ದೆ. ಕೇಳುವವರಿಗೆ ಹಾಡು ತುಂಡುತುಂಡಾಗಿ ಕೇಳಿಸುತ್ತಿತ್ತು. ಆಮೇಲೆ ತಿರುಗಿಸಿ ಹಾಕಿದೆ: ಬಲಗೈ ಯಾರಿಗಾಗಿಯೂ ನಿಲ್ಲುವುದಿಲ್ಲ, ಎಡಗೈಯೇ ಬಂದು ಸೇರಿಕೊಳ್ಳಬೇಕು. ಒಂದು ತಂತಿ ಮಂಕಾಗಿ ಕೇಳಿದರೂ ಪರವಾಗಿಲ್ಲ, ತಾಳ ತಪ್ಪಬಾರದು. ತಾಳ ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬೀಟಿಗೆ ಇಟ್ಟು, ಬೀಟಿಗೊಂದರಂತೆ ಬರೀ ಮೇಲಿಂದ ಕೆಳಕ್ಕೆ ಬೀಸುವ ಕೆಳಗಿನ ಸ್ಟ್ರಮ್, ನಾಲ್ಕು ನಾಲ್ಕು. ಕೆಳಗಿಂದ ಮೇಲಕ್ಕೆ ಬೀಸುವ ಮೇಲಿನ ಸ್ಟ್ರಮ್ ಸೇರಿಸಿದ್ದು ಮೂರನೆಯ ಕಾರ್ಡ್ ಬಂದ ಮೇಲೆ. ಆಗ ಒಂದು ಒಳ್ಳೆಯ ಸಂಗತಿ ಗೊತ್ತಾಯಿತು. ನಾಲ್ಕನೆಯ ಬೀಟ್ ಆದ ಮೇಲೆ ಬರುವ ಆ ಕೊನೆಯ ಮೇಲಿನ ಸ್ಟ್ರಮ್‌ನಲ್ಲಿ ಎಡಗೈ ಬೆರಳುಗಳು ಎದ್ದಿದ್ದರೂ ನಡೆಯುತ್ತದೆ. ಖಾಲಿ ತಂತಿ ಒಂದು ಕ್ಷಣ ಕೇಳಿಸುತ್ತದೆ, ಕಿವಿಗೆ ಏನೂ ಚುಚ್ಚುವುದಿಲ್ಲ. ಪಳಗಿದವರೂ ಹೀಗೇ ಮಾಡುತ್ತಾರೆ. ಬೆರಳಿಗೆ ಅರ್ಧ ಬೀಟಿನಷ್ಟು ಸಮಯ ಪುಕ್ಕಟೆಯಾಗಿ ಸಿಕ್ಕಂತೆ.

ಮೂರನೆಯದು ಇ. ತೋರುಬೆರಳು ಮೂರನೆಯ ತಂತಿಯ ಮೇಲೆ 2ನೇ ಫ್ರೆಟ್‌ನಿಂದ 1ಕ್ಕೆ ಜಾರಿದರೆ ಸಾಕು, ಉಳಿದ ಎರಡು ಬೆರಳು ಐದು ಮತ್ತು ನಾಲ್ಕನೆಯ ತಂತಿಗೆ ಹೋಗುತ್ತವೆ. ಎ, ಡಿ, ಇ ಮೂರರಲ್ಲೂ ತೋರುಬೆರಳು ಒಂದೇ ತಂತಿಯ ಮೇಲೆ ಉಳಿಯುತ್ತದೆ. ಬಾಬ್ ಮಾರ್ಲಿಯ ‘ತ್ರೀ ಲಿಟಲ್ ಬರ್ಡ್ಸ್’ ಈ ಮೂರರಲ್ಲೇ ಇದೆ. ವಾರದೊಳಗೆ ಅದು ಕೈಗೆ ಬಂತು.

ಇಲ್ಲಿಂದ ಮುಂದೆ ಯಾವ ಕಾರ್ಡ್ ಅಂತ ಯೋಚಿಸುವಾಗ ಒಂದು ಕ್ರಮ ಕಂಡಿತು. ಎ ಶ್ರುತಿಯ ಸರಳ ಹಾಡಿಗೆ ಹೆಚ್ಚಾಗಿ ಬೇಕಾಗುವುದು ಎ, ಡಿ, ಇ. ಅಂದರೆ ಆ ಸ್ಕೇಲ್‌ನ 1, 4, 5ನೇ ಸ್ವರಗಳ ಕಾರ್ಡ್. ಡಿ ಶ್ರುತಿಗೆ ಇದೇ ಲೆಕ್ಕದಲ್ಲಿ ಡಿ, ಜಿ, ಎ. ಹಾಗಾದರೆ ಜಿ ಒಂದನ್ನು ಸೇರಿಸಿದರೆ ಹೊಸ ಶ್ರುತಿಯೇ ತೆರೆಯುತ್ತದೆ! ಅದಕ್ಕೆ ಸಿ ಸೇರಿಸಿದರೆ ಜಿ, ಸಿ, ಡಿ. ಎಫ್ ಸೇರಿಸಿದರೆ ಸಿ, ಎಫ್, ಜಿ. ಒಂದೊಂದು ಕಾರ್ಡ್‌ಗೂ ಒಂದೊಂದು ಹಾಡಿನ ಗುಂಪು ಕೈಗೆ ಸಿಗುತ್ತಾ ಹೋಗುತ್ತದೆ. ಕಾರ್ಡ್‌ಗಳನ್ನು ಸುಮ್ನೆ ಸುಲಭ, ಕಷ್ಟ ಅಂತ ಜೋಡಿಸುವುದಕ್ಕಿಂತ ಈ ಕ್ರಮ ನನಗೆ ಜಾಸ್ತಿ ಹಿಡಿಸಿತು.

ಜಿ ಕಾರ್ಡ್ ನನಗೆ ಕಲಿಸಿದಷ್ಟು ಬೇರೆ ಯಾವ ಕಾರ್ಡೂ ಕಲಿಸಲಿಲ್ಲ. ಅದನ್ನು ಹಿಡಿಯಲು ಹಲವು ರೀತಿ ಇವೆ. ಯಾವುದು ‘ಸರಿ’ ಅಂತ ತಲೆ ಕೆಡಿಸಿಕೊಂಡಿದ್ದೆ. ಸರಿ ಅನ್ನುವುದು ಮುಂದೆ ಬರುವ ಕಾರ್ಡ್‌ನ ಮೇಲೆ ನಿಂತಿದೆ ಅಂತ ನಿಧಾನವಾಗಿ ಗೊತ್ತಾಯಿತು. ಡಿ ಜೊತೆ ಬರುವ ಜಿಗೆ ನಾನು ನಾಲ್ಕು ಬೆರಳು ಬಳಸುತ್ತೇನೆ. ಆರನೆಯ ತಂತಿಯ 3ನೇ ಫ್ರೆಟ್‌ಗೆ ನಡುಬೆರಳು, ಐದನೆಯದರ 2ಕ್ಕೆ ತೋರುಬೆರಳು, ಎರಡನೆಯ ತಂತಿಯ 3ಕ್ಕೆ ಉಂಗುರಬೆರಳು, ಒಂದನೆಯದರ 3ಕ್ಕೆ ಕಿರುಬೆರಳು. ಡಿಯಲ್ಲಿ ಉಂಗುರಬೆರಳು ಇದ್ದದ್ದು ಅದೇ ಜಾಗದಲ್ಲಿ. ಹಾಗಾಗಿ ಅದು ಕದಲುವುದಿಲ್ಲ, ಕೈಗೆ ಒಂದು ಗೂಟ ಸಿಕ್ಕಂತಾಯಿತು. 1969ರ ‘ಬ್ಯಾಡ್ ಮೂನ್ ರೈಸಿಂಗ್’ ಡಿ, ಎ, ಜಿ ಮೂರರಲ್ಲೇ ಇದೆ. ಮೂಲದ ವೇಗ ಜೋರು, ನಾನು ಅರ್ಧ ವೇಗದಲ್ಲಿ ಶುರು ಮಾಡಿದೆ.

ಸಿ ಬಂದಾಗ ತಡೆ ಬಿತ್ತು. ಬೆರಳು ಅಗಲಿಸಬೇಕು, ನಡುವಿನ ಖಾಲಿ ತಂತಿಗೆ ತಾಗಬಾರದು. ನನ್ನ ಜಿ–ಸಿ ಜೋಡಿ ಎರಡು ವಾರವಾದರೂ 17 ದಾಟಲಿಲ್ಲ. ಆಗ ಮಾಡಿದ್ದು ಎರಡು ಕೆಲಸ. ಒಂದು, ಹಾಡಿಗೆ ‘ಸಿ ಆಡ್ ನೈನ್’ ಬಳಸಿದೆ. ನಾಲ್ಕು ಬೆರಳಿನ ಜಿಯಲ್ಲಿ ಉಂಗುರ, ಕಿರುಬೆರಳು ಇದ್ದಲ್ಲೇ ಬಿಟ್ಟು, ನಡುಬೆರಳು, ತೋರುಬೆರಳು ಎರಡನ್ನೂ ಒಂದೊಂದು ತಂತಿ ಕೆಳಗೆ (ತೆಳ್ಳಗಿನ ಕಡೆಗೆ) ಇಟ್ಟರೆ ಅದೇ ಆ ಕಾರ್ಡ್. ಸಿ ಇರುವ ಕಡೆ ತುಂಬ ಹಾಡುಗಳಲ್ಲಿ ಇದು ಒಪ್ಪುತ್ತದೆ, ನಾದವೂ ತುಂಬಿಕೊಂಡಿರುತ್ತದೆ. ಎರಡು, ಹಾಡು ಹೀಗೆ ನಡೆಯುತ್ತಿರುವಾಗಲೇ ಪಕ್ಕದಲ್ಲಿ ನಿಜವಾದ ಸಿಯನ್ನು ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿದೆ. ಅದಕ್ಕೆ ಜಿಯನ್ನು ಬೇರೆ ರೀತಿ ಹಿಡಿದೆ: ಆರನೆಯ ತಂತಿಗೆ ಉಂಗುರಬೆರಳು, ಐದನೆಯದಕ್ಕೆ ನಡುಬೆರಳು, ಒಂದನೆಯದಕ್ಕೆ ಕಿರುಬೆರಳು. ಅಲ್ಲಿಂದ ಉಂಗುರ ಮತ್ತು ನಡುಬೆರಳು ಜೊತೆಯಾಗಿ ಒಂದು ತಂತಿ ಇಳಿದು, ಕಿರುಬೆರಳು ಎದ್ದು, ತೋರುಬೆರಳು ಎರಡನೆಯ ತಂತಿಯ 1ನೇ ಫ್ರೆಟ್‌ಗೆ ಬಂದರೆ ಸಿ. ಇನ್ನು ಎರಡು ವಾರಕ್ಕೆ 40 ಆಯಿತು. ಹಾಡು ನಿಲ್ಲಿಸಿ ಕಾರ್ಡ್‌ಗಾಗಿ ಕಾದಿದ್ದರೆ ನಾನು ಅಲ್ಲೇ ಬಿಟ್ಟುಬಿಡುತ್ತಿದ್ದೆನೋ ಏನೋ.

ಆಮೇಲಿನ ಎರಡು ಸಲೀಸು. ಇ ಮೈನರ್‌ಗೆ ಎರಡೇ ಬೆರಳು, ಐದು ಮತ್ತು ನಾಲ್ಕನೆಯ ತಂತಿಯ 2ನೇ ಫ್ರೆಟ್. ತೋರು, ನಡುಬೆರಳಿನಲ್ಲಿ ಹಿಡಿದರೆ ನಾಲ್ಕು ಬೆರಳಿನ ಜಿಗೆ ಹೋಗುವಾಗ ತೋರುಬೆರಳು ಉಳಿಯುತ್ತದೆ, ಸಿಗೆ ಹೋಗುವಾಗ ನಡುಬೆರಳು ಉಳಿಯುತ್ತದೆ. ಇದು ಬಂದದ್ದೇ ಜಿ, ಇ ಮೈನರ್, ಸಿ, ಡಿ ಅನ್ನುವ ಸುತ್ತು ಕೈಗೆ ಸಿಕ್ಕಿತು. ಬೆನ್ ಇ. ಕಿಂಗ್ 1961ರಲ್ಲಿ ಹಾಡಿದ ‘ಸ್ಟ್ಯಾಂಡ್ ಬೈ ಮಿ’ ಇದೇ ಸುತ್ತಿನಲ್ಲಿ ತಿರುಗುತ್ತದೆ. ಮೂಲ ಎ ಶ್ರುತಿಯಲ್ಲಿದೆ. 2ನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿಯ ಆಕಾರಗಳನ್ನೇ ಹಿಡಿದರೆ ರೆಕಾರ್ಡಿಂಗ್ ಜೊತೆಗೆ ಕೂಡಿಕೊಳ್ಳುತ್ತದೆ. ಕ್ಯಾಪೊ ಹಾಕುವುದು ಮೋಸ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಾಡುವವರ ಗಂಟಲಿಗೆ ಶ್ರುತಿ ಹೊಂದಬೇಕು, ಅದಕ್ಕೇ ಇರುವ ಸಾಧನ ಅದು.

ಎ ಮೈನರ್‌ಗೆ ಸಿಯಿಂದ ಹೋಗಲು ಉಂಗುರಬೆರಳು ಒಂದನ್ನು ಕದಲಿಸಿದರೆ ಸಾಕು. ಬಾಬ್ ಡಿಲನ್ 1973ರಲ್ಲಿ ಹೊರತಂದ ‘ನಾಕಿನ್ ಆನ್ ಹೆವನ್ಸ್ ಡೋರ್’ ಈ ಹಂತಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಸಾಲು ಜಿ, ಡಿ, ಎ ಮೈನರ್. ಮುಂದಿನದು ಜಿ, ಡಿ, ಸಿ. ಎರಡು ಸಾಲಿಗೂ ಇರುವ ವ್ಯತ್ಯಾಸ ಕೊನೆಯ ಕಾರ್ಡ್ ಮಾತ್ರ. ಅದನ್ನು ಮತ್ತೆ ಮತ್ತೆ ನುಡಿಸುತ್ತಾ ನುಡಿಸುತ್ತಾ ಮೇಜರ್ (ಸಿಯಂತೆ ಬರೀ ಅಕ್ಷರದ ಹೆಸರಿರುವ ಕಾರ್ಡ್), ಮೈನರ್ ನಡುವಿನ ಭಾವದ ವ್ಯತ್ಯಾಸ ಮೊದಲ ಸಲ ಕಿವಿಗೆ ಬಿತ್ತು. ಅದಕ್ಕೆ ಮುಂಚೆ ಅದು ನನಗೆ ಬರೀ ಓದಿದ ಮಾತಾಗಿತ್ತು.

ಬೆರಳು ನೋವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನನಗೆ ಮೂರು ವಾರ ನೋವಿತ್ತು, ಆಮೇಲೆ ತುದಿ ಜಡ್ಡುಗಟ್ಟಿತು. ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಕೂರುವುದು ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ಒಳ್ಳೆಯದು. ಬೆರಳನ್ನು ಫ್ರೆಟ್ ಪಟ್ಟಿಯ ಹಿಂದೆ, ಅದಕ್ಕೆ ಆದಷ್ಟು ಹತ್ತಿರ ಇಟ್ಟರೆ ಕಡಿಮೆ ಒತ್ತಡ ಸಾಕು. ಸ್ಟೀಲ್ ತಂತಿಯಲ್ಲಿ ದಪ್ಪನೆಯ 12ರ ಸೆಟ್ ಬದಲು ತೆಳ್ಳಗಿನ 10ರ ಸೆಟ್ ಹಾಕಿಸಿದ ಮೇಲೆ ನನಗೆ ಇನ್ನೂ ಹಗುರಾಯಿತು.

ಎಂಟನೆಯದು ಎಫ್. ಅದನ್ನು ನಾನು ಮೂರು ಮೆಟ್ಟಿಲಲ್ಲಿ ಹತ್ತಿದೆ. ಮೊದಲು ‘ಎಫ್ ಮೇಜರ್ ಸೆವೆನ್’: ಸಿ ಹಿಡಿದು, ತೋರುಬೆರಳು ಅಲ್ಲೇ ಇರಲಿ, ಉಳಿದ ಎರಡನ್ನು ಒಂದೊಂದು ತಂತಿ ಕೆಳಗೆ ಇಳಿಸಿ, ದಪ್ಪನೆಯ ಎರಡು ತಂತಿ ಬಿಟ್ಟು ನುಡಿಸುವುದು. ಒಂದು ತಿಂಗಳು ಎಫ್ ಇರುವ ಕಡೆಯೆಲ್ಲ ಇದನ್ನೇ ನುಡಿಸಿದೆ. ಆಮೇಲೆ ತೋರುಬೆರಳನ್ನು ಸ್ವಲ್ಪ ಮಲಗಿಸಿ ತೆಳ್ಳಗಿನ ಎರಡು ತಂತಿಯನ್ನೂ ಒತ್ತಿ ಚಿಕ್ಕ ಎಫ್. ಕೊನೆಗೆ ಆರೂ ತಂತಿಯ ಬಾರೆ, ಅಂದರೆ ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಯನ್ನು ಒತ್ತುವುದು. ಬಾರೆಯನ್ನು 1ನೇ ಫ್ರೆಟ್‌ನಲ್ಲಿ ಶುರು ಮಾಡಬೇಡಿ. ಗಿಟಾರ್‌ನ ತಲೆಯ ಹತ್ತಿರ ತಂತಿ ಬಗ್ಗುವುದು ಕಷ್ಟ. ನಾನು ಅದೇ ಆಕಾರವನ್ನು 5ನೇ ಫ್ರೆಟ್‌ನಲ್ಲಿ ಹಿಡಿದು, ಅಲ್ಲಿ ಎಲ್ಲ ತಂತಿ ಕೇಳಿದ ಮೇಲೆ ಒಂದೊಂದೇ ಫ್ರೆಟ್ ಹಿಂದಕ್ಕೆ ಬಂದೆ. ತೋರುಬೆರಳಿನ ಮೆತ್ತನೆಯ ಭಾಗಕ್ಕಿಂತ ಪಕ್ಕದ ಗಟ್ಟಿ ಭಾಗದಲ್ಲಿ ಒತ್ತಿದರೆ ತಂತಿ ಚೆನ್ನಾಗಿ ಕೂರುತ್ತದೆ.

ಆ 28 ಜೋಡಿಗಳಲ್ಲಿ ಎಲ್ಲವನ್ನೂ ನಾನು ಕಲಿತಿಲ್ಲ. ನೋಟ್‌ಬುಕ್ ಎಣಿಸಿದರೆ 40 ದಾಟಿದ್ದು 19. ಉಳಿದ ಒಂಬತ್ತನ್ನು ನಾನು ನುಡಿಸುವ ಯಾವ ಹಾಡೂ ಇನ್ನೂ ಕೇಳಿಲ್ಲ, ಕೇಳಿದ ದಿನ ಕಲಿತರಾಯಿತು.

ಈಗ ಒಂಬತ್ತನೆಯ ಕಾರ್ಡ್ ಬಿ ಮೈನರ್ ಮೇಲೆ ಕೂತಿದ್ದೇನೆ. ಡಿ ಶ್ರುತಿಯ ಹಾಡುಗಳಲ್ಲಿ ಇದು ಪದೇ ಪದೇ ಬರುತ್ತದೆ. ಅಲ್ಲಿ ನನಗೆ ಬೇಕಾದ ಜೋಡಿ ಮೂರು: ಡಿ, ಜಿ, ಎ ಜೊತೆಗೆ. ನಿನ್ನೆ ರಾತ್ರಿ ಬಿ ಮೈನರ್–ಎ ಜೋಡಿ 22ಕ್ಕೆ ಬಂತು. ಅದು 40 ಆಗುವ ತನಕ ಹತ್ತನೆಯ ಕಾರ್ಡ್‌ನ ಚಿತ್ರ ತೆರೆಯುವುದಿಲ್ಲ.